ಕೇಳದ ಕ್ರೆಡಿಟ್ ಕಾರ್ಡ್ ಮನೆಗೆ ಬಂದರೆ ಏನು ಮಾಡಬೇಕು?

ಅರ್ಜಿ ಹಾಕದೆಯೇ ತಮ್ಮ ಹೆಸರಿನ ಕ್ರೆಡಿಟ್ ಕಾರ್ಡ್ ಮನೆಗೆ ಬಂದಾಗ ಕೆಲವರು ಅದನ್ನು ಕತ್ತರಿಸಿ ಕಸಕ್ಕೆ ಎಸೆಯುತ್ತಾರೆ, ಇನ್ನು ಕೆಲವರು ಎಂದಾದರೂ ಉಪಯೋಗಕ್ಕೆ ಬಂದೀತೆಂದು ಬೀರುವಿನಲ್ಲಿಡುತ್ತಾರೆ. ಎರಡೂ ತಪ್ಪು. ಕಾರ್ಡ್ ತುಂಡಾದರೂ ಬ್ಯಾಂಕಿನ ಲೆಕ್ಕದಲ್ಲಿ ಖಾತೆ ಹಾಗೆಯೇ ಇರುತ್ತದೆ. ನಿಮ್ಮ ಪ್ಯಾನ್ ಸಂಖ್ಯೆ ಕೊಟ್ಟು ಬೇರೆ ಯಾರೋ ಆ ಖಾತೆ ತೆರೆಸಿದ್ದರೆ, ನಿಮ್ಮ ದಾಖಲೆಗಳು ಅವರ ಕೈಯಲ್ಲಿವೆ ಎಂಬುದಕ್ಕೆ ನೀವು ಎಸೆದ ಲಕೋಟೆಯೇ ಮೊದಲ ಸಾಕ್ಷಿಯಾಗಿರುತ್ತದೆ.

ಇಂಥ ಕಾರ್ಡ್ ಬರುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ. ತಿಂಗಳ ಗುರಿ ಮುಟ್ಟಬೇಕಾದ ಏಜೆಂಟ್ ನಿಮ್ಮ ಒಪ್ಪಿಗೆಯಿಲ್ಲದೆ ಅರ್ಜಿ ತುಂಬಿರಬಹುದು, ವಂಚಕನೊಬ್ಬ ನಿಮ್ಮ ಗುರುತನ್ನು ಬಳಸಿರಬಹುದು, ಅಥವಾ ಬಂದ ಸಾಮಗ್ರಿಯೇ ನಕಲಿಯಾಗಿರಬಹುದು. ಕ್ರೆಡಿಟ್ ಕಾರ್ಡಿನ ನೆಪದಲ್ಲಿ ಹೊಸ ಮೊಬೈಲ್ ಫೋನ್ ಕಳುಹಿಸಿ, ಅದರಲ್ಲಿ ಸಿಮ್ ಹಾಕಿಸಿ, ಖಾತೆಯಿಂದ ₹2.8 ಕೋಟಿ ದೋಚಿದ ಬೆಂಗಳೂರಿನ ಪ್ರಕರಣವೊಂದು 2025ರ ಜನವರಿಯಲ್ಲಿ ವರದಿಯಾಗಿತ್ತು. ಆದ್ದರಿಂದ ಯಾವ ಕಾರಣವೆಂದು ತಿಳಿಯುವವರೆಗೆ ಲಕೋಟೆಯೊಳಗಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ, ಪತ್ರದಲ್ಲಿರುವ ಸಂಖ್ಯೆಗೆ ಕರೆ ಮಾಡಬೇಡಿ.

ಹಂತ 1: ಸಾಕ್ಷ್ಯ ಉಳಿಸಿಕೊಳ್ಳಿ

ಲಕೋಟೆ, ಪತ್ರ ಮತ್ತು ಕೊರಿಯರ್ ಚೀಟಿಯ ಫೋಟೊ ತೆಗೆದು, ಎಲ್ಲವನ್ನೂ ಒಂದೇ ಕಡೆ ಇಡಿ. ಕಾರ್ಡಿನ ಹಿಂಬದಿಗೆ ಸಹಿ ಹಾಕಬೇಡಿ, ಮಿತಿ ಎಷ್ಟಿದೆ ಎಂದು ನೋಡುವ ಕುತೂಹಲಕ್ಕೂ ಆ್ಯಪ್‌ನಲ್ಲಿ ನೋಂದಾಯಿಸಬೇಡಿ.

ಹಂತ 2: ಬ್ಯಾಂಕಿನ ನಿಜವಾದ ಸಂಖ್ಯೆ ಹುಡುಕಿ

ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಎಂದು ಹುಡುಕಿದಾಗ ಮೊದಲು ಕಾಣುವ ಸಂಖ್ಯೆ ವಂಚಕರದ್ದಾಗಿರುವ ಸಾಧ್ಯತೆ ಇದೆ. ಬ್ಯಾಂಕಿನ ಜಾಲತಾಣದಿಂದಲೇ ಸಂಖ್ಯೆ ತೆಗೆದುಕೊಳ್ಳಿ. 2025ರ ಅಕ್ಟೋಬರ್ ಅಂತ್ಯದೊಳಗೆ ತಮ್ಮ ಜಾಲತಾಣದ ವಿಳಾಸವನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬದಲಿಸಿಕೊಳ್ಳುವಂತೆ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಸೂಚಿಸಿದ್ದರಿಂದ ಅಸಲಿ ತಾಣವನ್ನು ಗುರುತಿಸುವುದು ಈಗ ಸುಲಭ.

ಹಂತ 3: ‘ರದ್ದು ಮಾಡಿ’ ಎನ್ನಬೇಡಿ, ‘ಅರ್ಜಿಯೇ ನನ್ನದಲ್ಲ’ ಎನ್ನಿ

ಹೆಚ್ಚಿನವರು ಎಡವುವುದು ಇಲ್ಲಿ. ಬ್ಯಾಂಕಿಗೆ ಕರೆ ಮಾಡಿ ‘ಈ ಕಾರ್ಡ್ ನನಗೆ ಬೇಡ, ಕ್ಲೋಸ್ ಮಾಡಿ’ ಎಂದರೆ, ಅದು ಗ್ರಾಹಕರೊಬ್ಬರು ತಮ್ಮದೇ ಖಾತೆಯನ್ನು ಮುಚ್ಚಿಸಿದಂತೆ ದಾಖಲಾಗುತ್ತದೆ. ಖಾತೆ ನಿಮ್ಮದೇ ಎಂದು ನೀವಾಗಿಯೇ ಒಪ್ಪಿಕೊಂಡಂತಾಗುತ್ತದೆ, ಅರ್ಜಿ ಹೇಗೆ ಬಂತೆಂದು ಯಾರೂ ತನಿಖೆ ಮಾಡುವುದಿಲ್ಲ, ಆ ದಾಖಲೆಗಳನ್ನಿಟ್ಟುಕೊಂಡವನು ಇನ್ನೊಂದು ಬ್ಯಾಂಕಿಗೆ ಹೋಗುತ್ತಾನೆ. ‘ನಾನು ಅರ್ಜಿ ಸಲ್ಲಿಸಿಲ್ಲ, ಒಪ್ಪಿಗೆ ಕೊಟ್ಟಿಲ್ಲ, ಇದನ್ನು ವಂಚನೆಯ ದೂರೆಂದು ದಾಖಲಿಸಿಕೊಳ್ಳಿ’ ಎಂದು ಹೇಳಿ ದೂರಿನ ಸಂಖ್ಯೆ ಪಡೆಯಿರಿ.

ಆಮೇಲೆ ಪ್ರಶ್ನೆ ಕೇಳುವ ಸರದಿ ನಿಮ್ಮದು. ಅರ್ಜಿ ಯಾವ ದಿನ, ಯಾವ ಮಾರ್ಗದಿಂದ ಬಂತು? ಅದರಲ್ಲಿರುವ ಮೊಬೈಲ್ ಸಂಖ್ಯೆ, ಇಮೇಲ್ ಮತ್ತು ವಿಳಾಸ ಯಾವುವು? ಗುರುತಿಗೆ ಯಾವ ದಾಖಲೆ ಕೊಡಲಾಗಿದೆ? ಈ ಉತ್ತರಗಳಲ್ಲಿ ಮೊಬೈಲ್ ಸಂಖ್ಯೆಗೆ ಹೆಚ್ಚು ಬೆಲೆ. ಸಂಖ್ಯೆ ನಿಮ್ಮದೇ ಆಗಿದ್ದರೆ ಏಜೆಂಟ್ ಅಥವಾ ಬ್ಯಾಂಕಿನದೇ ಕೈವಾಡವನ್ನು ಶಂಕಿಸಬಹುದು, ಅಪರಿಚಿತ ಸಂಖ್ಯೆಯಾಗಿದ್ದರೆ ಗುರುತಿನ ಕಳವು ಎಂದೇ ಭಾವಿಸಿ ಮುಂದುವರಿಯಬೇಕು. ಪೂರ್ತಿ ಸಂಖ್ಯೆ ಹೇಳಲು ಸಿಬ್ಬಂದಿ ಒಪ್ಪದಿದ್ದರೆ ಕೊನೆಯ ನಾಲ್ಕು ಅಂಕಿಗಳನ್ನಾದರೂ ಕೇಳಿ; ನಿಮ್ಮದು ಹೌದೋ ಅಲ್ಲವೋ ಎಂದು ತಿಳಿಯಲು ಅಷ್ಟು ಸಾಕು.

ಮಾತಿನ ನಡುವೆ ‘ರದ್ದು ಮಾಡಲು ಒಟಿಪಿ ಹೇಳಿ’ ಎಂದು ಯಾರಾದರೂ ಕೇಳಿದರೆ ಹೇಳಬೇಡಿ, ಬಂದ ಸಂದೇಶವನ್ನು ಪೂರ್ತಿ ಓದಿ. ಅದು ಕಾರ್ಡನ್ನು ಸಕ್ರಿಯಗೊಳಿಸಲು ಒಪ್ಪಿಗೆ ಕೇಳುವ ಒಟಿಪಿಯೇ ಆಗಿರಬಹುದು. ‘ಲೈಫ್‌ಟೈಮ್ ಫ್ರೀ ಸರ್, ಇಟ್ಟುಕೊಳ್ಳಿ’ ಎಂಬ ಒತ್ತಾಯಕ್ಕೂ ಮಣಿಯಬೇಡಿ. ಇದೇ ಕರೆಯಲ್ಲಿ ಮಾರಲು ಬರುವ ‘ಕಾರ್ಡ್ ಪ್ರೊಟೆಕ್ಷನ್’ ಯೋಜನೆಯಂತೂ ನಿಮಗೆ ಬೇಡವಾದ ಕಾರ್ಡಿಗೇ ಕಾವಲು ಶುಲ್ಕ ಕಟ್ಟಿಸಿಕೊಳ್ಳುವ ಉಪಾಯ.

ಕರೆ ಮುಗಿದ ದಿನವೇ ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಕಳುಹಿಸಿ. ಚಾಟ್‌ಬಾಟ್ ಮೇಲೆ ನನಗೆ ಕಿಂಚಿತ್ತೂ ನಂಬಿಕೆಯಿಲ್ಲ. ಇಮೇಲ್ ಬೇಡವೆನ್ನುವವರು ಶಾಖೆಗೆ ಹೋಗಿ ಎರಡು ಪ್ರತಿ ಕೊಟ್ಟು, ಒಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಲಿ. ಒಕ್ಕಣೆ ಹೀಗಿರಲಿ: ‘ಈ ಕಾರ್ಡಿಗೆ ನಾನು ಅರ್ಜಿ ಸಲ್ಲಿಸಿಲ್ಲ, ಲಿಖಿತವಾಗಿಯಾಗಲಿ ಡಿಜಿಟಲ್ ಆಗಿಯಾಗಲಿ ಒಪ್ಪಿಗೆ ನೀಡಿಲ್ಲ, ಇದನ್ನು ಸಕ್ರಿಯಗೊಳಿಸಿಲ್ಲ. ಅರ್ಜಿ ಮತ್ತು ಒಪ್ಪಿಗೆಯ ದಾಖಲೆಗಳ ಪ್ರತಿ ನೀಡಬೇಕು, ಖಾತೆಯನ್ನು ಶುಲ್ಕವಿಲ್ಲದೆ ತೆಗೆದುಹಾಕಬೇಕು, ಕ್ರೆಡಿಟ್ ಮಾಹಿತಿ ಸಂಸ್ಥೆಗಳಿಗೆ ಇದರ ಬಗ್ಗೆ ಏನಾದರೂ ವರದಿಯಾಗಿದ್ದರೆ ಸರಿಪಡಿಸಬೇಕು.’

ಹೀಗೆ ಬರೆಯುವಾಗ ನಿಯಮ ನಿಮ್ಮ ಪರವಾಗಿದೆ ಎಂಬುದು ನೆನಪಿರಲಿ. ರಿಸರ್ವ್ ಬ್ಯಾಂಕಿನ ನಿರ್ದೇಶನವು ಕೇಳದ ಕಾರ್ಡ್ ನೀಡುವುದನ್ನು ನಿಷೇಧಿಸಿದೆ. ಸ್ಪಷ್ಟ ಒಪ್ಪಿಗೆಯಿಲ್ಲದೆ ಕಾರ್ಡ್ ಕೊಟ್ಟು, ಸಕ್ರಿಯಗೊಳಿಸಿ, ಶುಲ್ಕ ಹಾಕಿದ್ದರೆ ಬ್ಯಾಂಕ್ ಆ ಶುಲ್ಕವನ್ನು ಹಿಂದಿರುಗಿಸುವುದಲ್ಲದೆ ಅದರ ಎರಡು ಪಟ್ಟು ಮೊತ್ತವನ್ನು ದಂಡವಾಗಿ ನಿಮಗೇ ಕೊಡಬೇಕು. ಅಂಥ ಕಾರ್ಡಿನ ದುರ್ಬಳಕೆಯಿಂದಾದ ನಷ್ಟಕ್ಕೂ ಬ್ಯಾಂಕೇ ಹೊಣೆ. ಕಾರ್ಡ್ ನೀಡಿ 30 ದಿನ ಕಳೆದರೂ ಸಕ್ರಿಯವಾಗದಿದ್ದರೆ ಬ್ಯಾಂಕ್ ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು, ಒಪ್ಪಿಗೆ ಸಿಗದಿದ್ದರೆ ಕೇಳಿದ ದಿನದಿಂದ 7 ಕೆಲಸದ ದಿನಗಳೊಳಗೆ ಖಾತೆ ಮುಚ್ಚಬೇಕು. ಆದರೆ ತಾನಾಗಿಯೇ ಮುಚ್ಚಲಿ ಎಂದು ಕಾಯುತ್ತ ಕೂರುವುದು ಜಾಣತನವಲ್ಲ, ಏಕೆಂದರೆ ಆ ಒಟಿಪಿ ವಂಚಕನ ಮೊಬೈಲಿಗೆ ಹೋಗುತ್ತಿರಬಹುದು.

ಹಂತ 4: ನಾಲ್ಕೂ ಕ್ರೆಡಿಟ್ ವರದಿ ತೆಗೆಯಿರಿ

ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ — ಜನರ ಸಾಲದ ಇತಿಹಾಸವನ್ನು ದಾಖಲಿಸಿಡುವ ಈ ನಾಲ್ಕೂ ಕ್ರೆಡಿಟ್ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅವುಗಳ ಸ್ವಂತ ಜಾಲತಾಣಕ್ಕೇ ಹೋಗಿ. ‘ಉಚಿತ ಸ್ಕೋರ್’ ತೋರಿಸುವ ಆ್ಯಪ್‌ಗಳು ನಿಮ್ಮ ಮಾಹಿತಿ ಪಡೆದು, ಅದೇ ಸಂಜೆಯಿಂದ ಸಾಲ ಮಾರಲು ಕರೆ ಮಾಡುತ್ತವೆ.

ಎಲ್ಲರೂ ಮೊದಲು ನೋಡುವುದು ಸ್ಕೋರನ್ನು, ಈ ಕೆಲಸಕ್ಕೆ ಅದು ನಿರುಪಯುಕ್ತ. ನೋಡಬೇಕಾದದ್ದು ಸಂಪರ್ಕ ಮಾಹಿತಿಯ ಭಾಗ. ನಿಮ್ಮದಲ್ಲದ ಫೋನ್ ಸಂಖ್ಯೆ ಅಥವಾ ವಿಳಾಸ ಅಲ್ಲಿ ಸೇರಿಕೊಂಡಿದೆಯೇ ಪರೀಕ್ಷಿಸಿ. ಬಳಿಕ ‘ಎನ್‌ಕ್ವೈರಿ’ ಪಟ್ಟಿಯಲ್ಲಿ, ಅಂದರೆ ಸಾಲ ಅಥವಾ ಕಾರ್ಡಿನ ಅರ್ಜಿ ಬಂದಾಗ ನಿಮ್ಮ ವರದಿ ಕೇಳಿದವರ ಪಟ್ಟಿಯಲ್ಲಿ, ನೀವು ಹೆಸರೂ ಕೇಳದ ಸಾಲ ಸಂಸ್ಥೆಗಳಿವೆಯೇ ನೋಡಿ. ಬ್ಯಾಂಕ್ ಯಾವ ಸಂಸ್ಥೆಯಲ್ಲಿ ವಿಚಾರಿಸಿತೋ ಅದರ ವರದಿಯಲ್ಲಿ ಮಾತ್ರ ಎನ್‌ಕ್ವೈರಿ ಕಾಣುವುದರಿಂದ ನಾಲ್ಕನ್ನೂ ತೆಗೆಯಲೇಬೇಕು. ಸಕ್ರಿಯವಾಗದ ಹೊಸ ಕಾರ್ಡಿನ ಮಾಹಿತಿಯನ್ನು ಬ್ಯಾಂಕ್ ಈ ಸಂಸ್ಥೆಗಳಿಗೆ ಕೊಡುವಂತಿಲ್ಲ. ಆದ್ದರಿಂದ ನಿಮ್ಮ ಕೈಯಲ್ಲಿರುವ ಕಾರ್ಡ್ ಖಾತೆಗಳ ಪಟ್ಟಿಯಲ್ಲಿ ಆಗಲೇ ಕಂಡರೆ, ಒಂದೋ ಯಾರೋ ಅದನ್ನು ಸಕ್ರಿಯಗೊಳಿಸಿದ್ದಾರೆ, ಇಲ್ಲವೇ ಬ್ಯಾಂಕ್ ನಿಯಮ ಮುರಿದಿದೆ.

ತಪ್ಪು ಕಂಡಲ್ಲಿ ಅದೇ ತಾಣದಲ್ಲಿ ತಕರಾರು ಸಲ್ಲಿಸಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ ₹100ರಂತೆ ಪರಿಹಾರ ಕೇಳುವ ಹಕ್ಕಿದೆ. ‘ಸಿಬಿಲ್ ರಿಪೇರಿ’ ಮಾಡಿಕೊಡುತ್ತೇವೆಂದು ಹಣ ಕೇಳುವವರು ಮಾಡುವುದೂ ಇದೇ ಉಚಿತ ಅರ್ಜಿಯನ್ನೇ.

ಹಂತ 5: ಪೊಲೀಸ್ ಮತ್ತು ಆಧಾರ್

ಹಣ ಹೋಗಿದ್ದರೆ ಹಿಂದಿನ ಹಂತಗಳನ್ನೆಲ್ಲ ಬಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಹೋಗದಿದ್ದರೂ, ಅಪರಿಚಿತ ಮೊಬೈಲ್ ಸಂಖ್ಯೆ ಸಿಕ್ಕಿದ್ದಲ್ಲಿ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಜಿಲ್ಲೆಯ ಸೈಬರ್ ಅಪರಾಧ (ಸಿಇಎನ್) ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಗುರುತಿನ ಕಳವು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಅಡಿಯಲ್ಲಿ ಮೂರು ವರ್ಷಗಳವರೆಗೆ ಜೈಲು ವಿಧಿಸಬಹುದಾದ ಅಪರಾಧವಾದ್ದರಿಂದ ‘ಹಣ ಹೋಗಿಲ್ಲವಲ್ಲ’ ಎಂಬ ಉತ್ತರಕ್ಕೆ ಹಿಂದಿರುಗಬೇಡಿ. ಆಧಾರ್ ತಾಣದಲ್ಲಿ ದೃಢೀಕರಣದ ಇತಿಹಾಸ, ಅಂದರೆ ನಿಮ್ಮ ಆಧಾರ್ ಯಾವಾಗೆಲ್ಲ ಬಳಕೆಯಾಗಿದೆ ಎಂಬ ಪಟ್ಟಿ ನೋಡಿ, ಬೆರಳಚ್ಚಿನಂಥ ಬಯೋಮೆಟ್ರಿಕ್ ಗುರುತನ್ನು ಲಾಕ್ ಮಾಡಿ.

ಹಂತ 6: ಬ್ಯಾಂಕ್ ಸುಮ್ಮನಿದ್ದರೆ

30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ನೀಡಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವ್ಯರ್ಥವಾದ ಸಮಯ ಮತ್ತು ಮಾನಸಿಕ ಕಿರುಕುಳಕ್ಕೂ ಪರಿಹಾರ ಕೇಳಬಹುದು.

ಇಷ್ಟಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ನಿಮ್ಮ ವರದಿಯನ್ನು ಯಾವುದಾದರೂ ಬ್ಯಾಂಕ್ ತೆರೆದು ನೋಡಿದಾಗ ಕ್ರೆಡಿಟ್ ಮಾಹಿತಿ ಸಂಸ್ಥೆಗಳು ಎಸ್‌ಎಂಎಸ್ ಅಥವಾ ಇಮೇಲ್ ಮೂಲಕ ಎಚ್ಚರಿಸಬೇಕು. ಆದರೆ ಆ ಸಂದೇಶ ಹೋಗುವುದು ಅವರಲ್ಲಿ ದಾಖಲಾಗಿರುವ ಸಂಖ್ಯೆಗೆ. ವಂಚಕನ ಸಂಖ್ಯೆ ಅಲ್ಲೇ ಉಳಿದಿದ್ದರೆ ಎಚ್ಚರಿಕೆಯೂ ಅವನಿಗೇ ತಲುಪೀತು. ಆದ್ದರಿಂದ ತಕರಾರು ಇತ್ಯರ್ಥವಾಯಿತೆಂಬ ಸಂದೇಶ ಬಂದ ಬಳಿಕ ನಾಲ್ಕೂ ಸಂಸ್ಥೆಗಳಲ್ಲಿ ನಿಮ್ಮ ಸರಿಯಾದ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಮಾತ್ರ ಉಳಿದಿವೆಯೇ ಎಂದು ಪರೀಕ್ಷಿಸಿ, ಉಳಿದವನ್ನು ತೆಗೆಸಿಹಾಕಿ.