ಮೂರನೆಯದಕ್ಕೆ ಬಾಲ ಇದೆ: ಮಕ್ಕಳಿರುವ ಮನೆಯಲ್ಲಿ ನಾಯಿ ಸಾಕುವ ಬಗೆ

ನಾಯಿಮರಿ ಬೇಕು ಅಂತ ಹಟ ಹಿಡಿದ ಮಕ್ಕಳೆಲ್ಲ ಒಂದೇ ಮಾತು ಹೇಳುತ್ತಾರೆ. "ಎಲ್ಲಾ ನಾವೇ ನೋಡ್ಕೋತೀವಿ ಅಮ್ಮ, ಪ್ರಾಮಿಸ್." ದಯವಿಟ್ಟು ನಂಬಬೇಡಿ. ಆ ಹೊತ್ತಿಗೆ ಅವರಿಗೆ ಅದು ನಿಜವೇ, ಪಾಪ. ಆದರೆ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ, ಬೆಳಗ್ಗೆ ಆರು ಗಂಟೆಗೆ, ಒಂದು ಕೈಯಲ್ಲಿ ಕೊಡೆ ಇನ್ನೊಂದು ಕೈಯಲ್ಲಿ ಬೆಲ್ಟು ಹಿಡಿದು ಬೀದಿಯಲ್ಲಿ ನಿಲ್ಲುವವರು ಯಾರು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಮನೆಯ ದೊಡ್ಡವರಲ್ಲಿ ಒಬ್ಬರು "ನಾನು" ಅನ್ನದಿದ್ದರೆ ಮರಿ ತರುವುದೇ ಬೇಡ. ನಮ್ಮ ಮನೆಯಲ್ಲಿ ಅದು ನಾನು.

ನಮ್ಮದು ಮೈಸೂರು. ನನಗೆ ಬ್ಯಾಂಕಿನಲ್ಲಿ ಕೆಲಸ. ಏಳನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ, ಅತ್ತೆ, ಯಜಮಾನರು, ಮತ್ತೆ ಕಾಳಿ. ಕಾಳಿ ಕಪ್ಪು ಬಣ್ಣದ ನಾಡು ನಾಯಿ, ಹೆಣ್ಣು. ಮನೆಗೆ ಬಂದವರು "ಯಾವ ಬ್ರೀಡು?" ಅಂತ ಕೇಳಿದರೆ ಅತ್ತೆ "ನಮ್ಮನೇದು" ಅಂತ ಅಲ್ಲಿಗೇ ಮುಗಿಸುತ್ತಾರೆ.

ನಾಯಿಯನ್ನು ಮನೆಮಗು ಅನ್ನುವುದರಲ್ಲಿ ನನ್ನ ತಕರಾರಿಲ್ಲ. ನಾನೂ ಅನ್ನುತ್ತೇನೆ. ಆದರೆ ಮನೆಮಗು ಅಂದ ಮೇಲೆ ಅದರ ಇಂಜೆಕ್ಷನ್ ತಾರೀಕು ಸ್ಕೂಲ್ ಫೀಸಿನ ತಾರೀಕಿನ ಪಕ್ಕದಲ್ಲೇ ಇರಬೇಕು. ಫ್ರಾಕು ಹಾಕಿಸಿ, ಕೂಲಿಂಗ್ ಗ್ಲಾಸ್ ಏರಿಸಿ ಫೋಟೋ ತೆಗೆಯುವುದು ಆಮೇಲಿನ ಮಾತು.

ಕ್ಯಾಲೆಂಡರಿನಿಂದ ಶುರು ಮಾಡಿ

ಅಡುಗೆಮನೆಯ ಗೋಡೆಯಲ್ಲಿ ಹಾಲು, ಗ್ಯಾಸು, ಪೇಪರಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದರಲ್ಲೇ ಬರೆಯಿರಿ. ಮೊಬೈಲಿನಲ್ಲಿ ಹಾಕಿದ ರಿಮೈಂಡರ್ ಸ್ಕೂಲಿನ ವಾಟ್ಸಾಪ್ ಗ್ರೂಪಿನ ಗದ್ದಲದಲ್ಲಿ ಮುಳುಗಿ ಹೋಗುತ್ತದೆ. ಆ ಗ್ರೂಪಿನಲ್ಲಿ ರಾತ್ರಿ ಒಂಬತ್ತಕ್ಕೆ "ನಾಳೆ ಮಕ್ಕಳು ಥರ್ಮಾಕೋಲ್ ಶೀಟ್ ತರತಕ್ಕದ್ದು" ಅಂತ ಬರುತ್ತದೆ. ಅದಕ್ಕೆ ಮೂವತ್ತು ಜನ ಹೆಬ್ಬೆರಳು ಎತ್ತುತ್ತಾರೆ. ಅಷ್ಟು ಹೊತ್ತಿಗೆ ತೆರೆದಿರುವ ಅಂಗಡಿ ಎಲ್ಲಿದೆ ಅಂತ ಒಬ್ಬರೂ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಪ್ರಾಜೆಕ್ಟ್ ವರ್ಕ್ ಇಲ್ಲದ ಜೀವ ಕಾಳಿ ಒಂದೇ. ಅದಕ್ಕೇ ನನಗೆ ಅವಳ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ.

ಮರಿಗೆ 6ರಿಂದ 8 ವಾರ ಆದಾಗ ಮೊದಲ ಲಸಿಕೆ. ಅದು ಪಾರ್ವೊ, ಡಿಸ್ಟೆಂಪರ್ ಮುಂತಾದ ಕಾಯಿಲೆಗಳಿಗೆ. ಆಮೇಲೆ 3-4 ವಾರಕ್ಕೊಮ್ಮೆ ಬೂಸ್ಟರ್, ಮರಿಗೆ ಸುಮಾರು 16 ವಾರ ತುಂಬುವ ತನಕ. ಇದು ಮುಗಿಯುವವರೆಗೆ ಬೀದಿಯಲ್ಲಿ ಇಳಿಸಬೇಡಿ, ಪಾರ್ವೊ ಮಣ್ಣಿನಿಂದಲೂ ಹತ್ತುತ್ತದೆ. 3 ತಿಂಗಳಿಗೆ ರೇಬೀಸ್ ಲಸಿಕೆ, ಮುಂದೆ ಡಾಕ್ಟರು ಹೇಳಿದ ಹಾಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಎಷ್ಟೋ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಈ ಲಸಿಕೆ ಪುಕ್ಕಟೆ ಹಾಕುತ್ತಾರೆ, ವಿಚಾರಿಸಿ.

ಜಂತುಹುಳುವಿನ ಔಷಧಿ ದೊಡ್ಡ ನಾಯಿಗೆ 3 ತಿಂಗಳಿಗೊಮ್ಮೆ. ಇದನ್ನು ನೆನಪಿಟ್ಟುಕೊಳ್ಳಲು ನನ್ನದೊಂದು ಉಪಾಯ ಇದೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಅಂತ ಶಾಲೆಗಳಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಮಕ್ಕಳಿಗೆ ಮಾತ್ರೆ ಕೊಡುತ್ತಾರೆ. ಅದೇ ವಾರ ನಾಯಿಗೂ ಕೊಟ್ಟುಬಿಡಿ. ಮಧ್ಯದಲ್ಲಿ ಮೇ ಮತ್ತು ನವೆಂಬರ್ ಸೇರಿಸಿದರೆ ವರ್ಷದ ಲೆಕ್ಕ ಸರಿಹೋಯಿತು. ಮಕ್ಕಳ ಮಾತ್ರೆ ಬೇರೆ, ನಾಯಿಯ ಮಾತ್ರೆ ಬೇರೆ. ನಾಯಿಗೆ ತೂಕ ನೋಡಿ ಕೊಡಬೇಕು.

ಮಾತ್ರೆ ವಿಷಯ ಬಂತು, ಹೇಳಿಬಿಡುತ್ತೇನೆ. ನಾಯಿಗೆ ಮೈ ಬಿಸಿ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮುರಿದು ಕೊಡಬೇಡಿ. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ಜೀವಕ್ಕೇ ಕುತ್ತು.

ಅಡುಗೆಮನೆ ಎಂಬ ಯುದ್ಧಭೂಮಿ

ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ಆಗುವುದಿಲ್ಲ. ಹಸಿಯಾದರೂ ಅಷ್ಟೇ, ಬೇಯಿಸಿದರೂ ಅಷ್ಟೇ. ರಕ್ತದ ಕೆಂಪು ಕಣ ಒಡೆದು ರಕ್ತಹೀನತೆ ಬರುತ್ತದೆ. ಇಷ್ಟು ಹೇಳಿದರೆ ನಮ್ಮ ಕಡೆಯ ಅಡುಗೆಯಲ್ಲಿ ಮುಕ್ಕಾಲು ಪಾಲು ಹೋಯಿತು. ಈರುಳ್ಳಿ ಹುಳಿ ಇಲ್ಲ, ಸಾಗು ಇಲ್ಲ, ಉಪ್ಪಿಟ್ಟು ಇಲ್ಲ, ಮಸಾಲೆ ದೋಸೆಯ ಪಲ್ಯ ಇಲ್ಲವೇ ಇಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಪೆಟ್ಟು. ಚಾಕೊಲೇಟ್ ಬೇಡ, ಕಪ್ಪಗಿದ್ದಷ್ಟೂ ಅಪಾಯ ಜಾಸ್ತಿ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮಿನಲ್ಲಿ ಕೆಲವೊಮ್ಮೆ ಸಿಹಿಗೆ ಅಂತ ಹಾಕುವ ಕ್ಸೈಲಿಟಾಲ್ ಇರುತ್ತದೆ, ಅದು ಇನ್ನೂ ಕೆಟ್ಟದ್ದು. ಮಾಂಸ ತಿನ್ನುವ ಮನೆಯವರು ಬೇಯಿಸಿದ ಮೂಳೆ ಹಾಕಬೇಡಿ. ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಇದನ್ನೆಲ್ಲ ಮಕ್ಕಳಿಗೆ ಹೇಳಿಕೊಡಬಹುದು. ಅಜ್ಜಿಯರಿಗೆ ಹೇಳುವುದು ಹೇಗೆ?

"ಹಬ್ಬದ ದಿನ ಬಾಯಿಲ್ಲದ ಪ್ರಾಣಿಗೆ ಪಾಯಸ ಹಾಕದೆ ನಾವು ತಿನ್ನೋದಾ? ನಂಗೆ ಗಂಟಲಲ್ಲಿ ಇಳಿಯಲ್ಲಮ್ಮ."

"ಅತ್ತೆ, ಅದರಲ್ಲಿ ದ್ರಾಕ್ಷಿ ಇದೆ."

"ಆರಿಸಿ ಹಾಕ್ತೀನಿ ಬಿಡು."

ಕನ್ನಡಕ ಎಲ್ಲಿಟ್ಟೆ ಅಂತ ದಿನವಿಡೀ ಹುಡುಕುವವರು ದ್ರಾಕ್ಷಿ ಆರಿಸುತ್ತಾರಂತೆ! ವಾದ ಮಾಡಿ ಗೆಲ್ಲುವ ಜಾಗ ಇದಲ್ಲ. ದಾರಿ ಬೇರೆ ಇದೆ. ಒಗ್ಗರಣೆ, ಉಪ್ಪು, ಖಾರ, ದ್ರಾಕ್ಷಿ ಬೀಳುವ ಮುಂಚೆಯೇ ಒಂದು ಬಟ್ಟಲು ತೆಗೆದಿಡಿ. ಬೆಂದ ಅನ್ನ, ಬೆಂದ ಸಿಹಿಗುಂಬಳ, ಹುರುಳಿಕಾಯಿ, ಹೋಳಿಗೆಗೆ ಬೇಯಿಸಿದ ಬೇಳೆಯಲ್ಲಿ ಬೆಲ್ಲ ಹಾಕುವ ಮೊದಲಿನ ಒಂದು ಸೌಟು. ನೈವೇದ್ಯ ಆದ ಮೇಲೆ ಆ ಬಟ್ಟಲನ್ನು ಅತ್ತೆಯ ಕೈಯಿಂದಲೇ ಕೊಡಿಸಿ. ಹಬ್ಬದೂಟ ಹಾಕಿದ ಸಮಾಧಾನ ಅವರಿಗೆ, ಆಸ್ಪತ್ರೆಗೆ ಓಡುವುದು ತಪ್ಪಿದ ಸಮಾಧಾನ ನಿಮಗೆ.

ಬರೀ ಮೊಸರನ್ನ ಹಾಕಿ ನಾಯಿ ಸಾಕುವ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಾಲುವುದಿಲ್ಲ. ಡಾಕ್ಟರು ಮೊಟ್ಟೆ ಕೊಡಿ ಅನ್ನುತ್ತಾರೆ. ನಮ್ಮದೋ ಮೊಟ್ಟೆ ಒಳಗೆ ಬರದ ಮನೆ. ಅದಕ್ಕೆ ಹಿತ್ತಲಲ್ಲಿ ಒಂದು ಹಳೇ ಸ್ಟೌವ್, ಒಂದು ಅಲ್ಯೂಮಿನಿಯಂ ಪಾತ್ರೆ, ಅದಕ್ಕೇ ಅಂತ ಒಂದು ಚಮಚ. ಕಾಳಿಯ ಮೊಟ್ಟೆ ಅಲ್ಲೇ ಬೇಯುತ್ತದೆ. ಬೇಯಿಸುವ ಕೆಲಸಕ್ಕೆ ಯಜಮಾನರು ಬಹಳ ಉತ್ಸಾಹದಿಂದ ಮುಂದೆ ಬಂದರು. ಪ್ರತಿ ಸಲ ಒಂದು ಮೊಟ್ಟೆ ಜಾಸ್ತಿ ಬೇಯುವುದು ಯಾಕೆ ಅಂತ ನಾನೂ ಕೇಳಿಲ್ಲ, ಅವರೂ ಹೇಳಿಲ್ಲ. ಮೊಟ್ಟೆಯೂ ಬೇಡ ಅನ್ನುವವರು ಡಾಕ್ಟರ ಹತ್ತಿರ ಕೂತು ಊಟದ ಪಟ್ಟಿ ಮಾಡಿಸಿ. ನಾಯಿಗೆ ಸಸ್ಯಾಹಾರ ಲೆಕ್ಕ ಹಾಕಿ ಕೊಟ್ಟರೆ ನಡೆಯುತ್ತದೆ. ಬೆಕ್ಕಿಗೆ ನಡೆಯುವುದಿಲ್ಲ, ಅದು ಹುಟ್ಟಾ ಮಾಂಸಾಹಾರಿ.

ಇನ್ನು ಟಿಫಿನ್ ಡಬ್ಬಿ. ಇದ್ದಕ್ಕಿದ್ದಂತೆ ಮಗನ ಡಬ್ಬಿ ಖಾಲಿಯಾಗಿ ಬರತೊಡಗಿದರೆ ಕೂಡಲೇ ಖುಷಿಪಡಬೇಡಿ. ಶಾಲೆ ವ್ಯಾನಿನಿಂದ ಇಳಿದವನು ಗೇಟಿನ ಪಕ್ಕದಲ್ಲಿ ಎಷ್ಟು ಹೊತ್ತು ನಿಲ್ಲುತ್ತಾನೆ ನೋಡಿ. ನಮ್ಮವನು ಬೀನ್ಸ್ ಪಲ್ಯ, ಚಪಾತಿ ಎಲ್ಲಾ ಅಲ್ಲೇ ವಿಲೇವಾರಿ ಮಾಡುತ್ತಿದ್ದ. ಬಾಯಿ ಬಿಡಿಸಿದರೆ, "ಶೇರಿಂಗ್ ಈಸ್ ಕೇರಿಂಗ್ ಅಂತ ಮಿಸ್ ಹೇಳಿದಾರೆ." ಪರಿಹಾರ ಸುಲಭ: ಡಬ್ಬಿ ತೆರೆಯುವುದು ಅಡುಗೆಮನೆಯ ಕಟ್ಟೆಯ ಮೇಲೆ ಮಾತ್ರ, ದೊಡ್ಡವರ ಎದುರಿಗೆ. ಬಿಟ್ಟದ್ದಕ್ಕೆ ಬೈಯಬೇಡಿ. ಬೈದರೆ ಗುಟ್ಟಾಗಿ ಕೊಡುವುದು ಇನ್ನೂ ಜಾಸ್ತಿಯಾಗುತ್ತದೆ.

ಯಾರಿಗೆ ಯಾವ ಕೆಲಸ

"ನಾಯಿ ನೋಡ್ಕೋ" ಅನ್ನುವುದು ಕೆಲಸ ಅಲ್ಲ, ಅದು ಯಾರಿಗೂ ಅರ್ಥವಾಗುವುದಿಲ್ಲ. ಚಿಕ್ಕವನಿಗೆ ನೀರಿನ ಬಟ್ಟಲು: ಬೆಳಗ್ಗೆ ಹಲ್ಲುಜ್ಜಿದ ಕೂಡಲೇ ತೊಳೆದು ತುಂಬಿಸುವುದು. ದೊಡ್ಡವಳಿಗೆ ಸಂಜೆ ಬ್ರಷ್ ಮಾಡಿ, ಕಿವಿ ಹಿಂದೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣೆ ಇದೆಯಾ ನೋಡುವುದು. ಉಣ್ಣೆ ಕಂಡರೆ ಕೈಯಲ್ಲಿ ಹಿಸುಕಬಾರದು, ನನ್ನನ್ನು ಕರೆಯಬೇಕು. ಎರಡು ಮಕ್ಕಳಿಗೂ ಕೆಲಸ ಆದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು ಕಡ್ಡಾಯ. ನಾಯಿಯ ಜಂತು ಮಕ್ಕಳಿಗೂ ಬರುತ್ತದೆ.

ಬೀದಿಗೆ ಕರೆದುಕೊಂಡು ಹೋಗುವ ಕೆಲಸ ಮಕ್ಕಳಿಗೆ ಬೇಡ. ಎದುರಿಗೆ ಬೀದಿನಾಯಿಗಳ ಗುಂಪು ಬಂದರೆ ಮಗುವಿನ ಕೈಯಲ್ಲಿ ಹಗ್ಗ ನಿಲ್ಲುವುದಿಲ್ಲ. ಹಳೇ ಪೇಪರ್, ಕವರ್ ಜೇಬಿನಲ್ಲಿರಲಿ. ನಮ್ಮೂರು 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದಿತ್ತು. ಆ ಹೆಸರಿಗೆ ನಮ್ಮ ನಾಯಿಯ ಕಡೆಯಿಂದ ಕಳಂಕ ಬರಬಾರದು, ಅಲ್ವಾ?

ಕೆಲಸ ತಪ್ಪಿಸಿದರೆ ಏನು ಮಾಡುವುದು? ನಾಯಿಯನ್ನು ವಾಪಸ್ ಕೊಡ್ತೀನಿ ಅಂತ ಹೆದರಿಸಬೇಡಿ. ಎರಡನೇ ಸಲ ಹೇಳುವಷ್ಟರಲ್ಲಿ ಅದು ಬರೀ ಬಾಯಿಮಾತು ಅಂತ ಮಕ್ಕಳಿಗೆ ಗೊತ್ತಾಗುತ್ತದೆ. ಆಮೇಲೆ ನಿಮ್ಮ ಬೇರೆ ಮಾತಿಗೂ ಬೆಲೆ ಇರುವುದಿಲ್ಲ. ನಾನು ಮಾಡುವುದು ಇಷ್ಟೇ: ಬಟ್ಟಲು ತುಂಬುವ ತನಕ ಟಿವಿ ರಿಮೋಟ್ ನನ್ನ ಹತ್ತಿರ.

ಕಚ್ಚುವ ವಿಷಯದಲ್ಲಿ ತಮಾಷೆ ಇಲ್ಲ

ಎಷ್ಟೇ ಸಾಧುವಾದರೂ ಐದಾರು ವರ್ಷದ ಮಗುವನ್ನೂ ನಾಯಿಯನ್ನೂ ಒಂಟಿಯಾಗಿ ಬಿಡಬೇಡಿ. ತಿನ್ನುವಾಗ, ಮಲಗಿದಾಗ, ಮರಿ ಹಾಕಿದಾಗ ಮುಟ್ಟಬಾರದು. ಕತ್ತು ತಬ್ಬಿ ಮುಖಕ್ಕೆ ಮುಖ ಒತ್ತುವ ಫೋಟೋಗಳು ನಮಗೆ ಮುದ್ದು, ಎಷ್ಟೋ ನಾಯಿಗಳಿಗೆ ಹಿಂಸೆ. ನಾಯಿ ಗುರ್ ಅಂದರೆ ಹೊಡೆಯಬೇಡಿ. ಅದು ಎಚ್ಚರಿಕೆ ಕೊಡುತ್ತಿದೆ. ಹೊಡೆದು ಹೊಡೆದು ಗುರ್ ಅನ್ನುವುದನ್ನು ಬಿಡಿಸಿದರೆ ಮುಂದೆ ಎಚ್ಚರಿಕೆ ಇಲ್ಲದೆ ಕಚ್ಚುತ್ತದೆ.

ಕಚ್ಚಿದರೆ ಅಥವಾ ಪರಚಿ ಚರ್ಮ ತರಚಿದರೆ ನಲ್ಲಿ ಬಿಟ್ಟು, ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಮನೆಯ ನಾಯಿಯೇ ಆಗಿರಲಿ, ಲಸಿಕೆ ಆಗಿರಲಿ, ಇಂಜೆಕ್ಷನ್ ಬೇಕೋ ಬೇಡವೋ ಡಾಕ್ಟರು ಹೇಳಲಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಸಿಕೊಳ್ಳುವುದು ಹೆಚ್ಚುಕಡಿಮೆ ಆಗದ ಮಾತು. ಬೈಗುಳದ ಭಯಕ್ಕೆ ಮಕ್ಕಳು ಪರಚಿದ್ದನ್ನು ಮುಚ್ಚಿಡುತ್ತಾರೆ. "ಹೇಳಿದರೆ ಬೈಯಲ್ಲ" ಅಂತ ಮೊದಲೇ ಮಾತು ಕೊಟ್ಟಿರಿ, ಆಮೇಲೆ ನಿಜವಾಗಿಯೂ ಬೈಯಬೇಡಿ.

ಪಟಾಕಿ

ದಸರಾಕ್ಕೆ ಮುಂಚೆ ಇಲ್ಲಿ ಆನೆ, ಕುದುರೆಗಳ ಹತ್ತಿರ ಕುಶಾಲತೋಪು ಸಿಡಿಸಿ ಅಭ್ಯಾಸ ಮಾಡಿಸುತ್ತಾರೆ. ಜಂಬೂಸವಾರಿ ದಿನ 21 ಸಲ ತೋಪು ಹಾರುವಾಗ ಬೆದರಬಾರದಲ್ಲ. ಮನೆಯ ನಾಯಿಗೂ ಇದೇ ಸೂತ್ರ, ಸಣ್ಣ ಪ್ರಮಾಣದಲ್ಲಿ. ದೀಪಾವಳಿಗೆ ಒಂದೆರಡು ತಿಂಗಳು ಇರುವಾಗಲೇ ಮೊಬೈಲಿನಲ್ಲಿ ಪಟಾಕಿ ಸದ್ದನ್ನು ತೀರಾ ಮೆಲ್ಲಗೆ ಹಾಕಿ, ಜೊತೆಗೆ ಇಷ್ಟದ ತಿಂಡಿ ಕೊಡಿ. ದಿನ ಕಳೆದಂತೆ ಸದ್ದು ಸ್ವಲ್ಪ ಏರಿಸಿ. ಹೆದರಿದರೆ ಮತ್ತೆ ಕೆಳಗಿಳಿಸಿ. ಹಬ್ಬದ ದಿನ ಕತ್ತಲಾಗುವ ಮುಂಚೆ ತಿರುಗಾಡಿಸಿ, ಕಿಟಕಿ ಮುಚ್ಚಿ, ಟಿವಿ ಹಚ್ಚಿಡಿ. ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10 ಅಂತ ಸಮಯ ಕೊಟ್ಟಿತು. ನಮ್ಮ ಬೀದಿಯ ಹುಡುಗರ ಗಡಿಯಾರ ಬೇರೆ.

ನೆಂಟರ ಬಾಯಿ

"ಏನ್ರೀ ಇದು ಹೊಸ ಫ್ಯಾಷನ್ನು, ನಾಯೀನ ಮಗು ಅಂತೀರಾ?" ಅಂತ ಕೇಳುವವರಿಗೆ ನನ್ನ ಹತ್ತಿರ ಉತ್ತರ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಶಾಸನವೊಂದಿದೆ, ಹತ್ತನೇ ಶತಮಾನದ್ದು. ಗಂಗರ ದೊರೆ ಬೂತುಗ ತನ್ನ ಮೆಚ್ಚಿನ ಬೇಟೆನಾಯಿಯನ್ನು ಮಣಲೇರ ಅನ್ನುವ ವೀರನಿಗೆ ಕೊಟ್ಟಿದ್ದ. ಆ ನಾಯಿ ದೊಡ್ಡ ಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ನಾಯಿಯ ಪಾಪ ತಟ್ಟುತ್ತದೆ ಅಂತ ಬರೆಸಿದ್ದಾರೆ. ಆ ನಾಯಿಯ ಹೆಸರು ಕಾಳಿ. ಮಗಳು ಈ ಕಥೆ ಓದಿಯೇ ನಮ್ಮ ನಾಯಿಗೆ ಹೆಸರಿಟ್ಟಿದ್ದು.

ಆದರೂ ಒಂದು ಮಾತು. ಮಕ್ಕಳಿಲ್ಲದ ಗೆಳತಿಯರು "ನಾವೂ ಅಮ್ಮಂದಿರೇ ಕಣೇ" ಅಂದಾಗ ನನಗೆ ನಗು ಬರುತ್ತದೆ. ಜಗಳ ಮಾಡುವುದಿಲ್ಲ. ನಾಯಿಯನ್ನು ಎರಡು ಗಂಟೆ ಮನೆಯೊಳಗೆ ಬಿಟ್ಟು ಸಿನಿಮಾಗೆ ಹೋಗಬಹುದು. ಎರಡನೇ ಕ್ಲಾಸಿನ ಮಗನನ್ನು ಹಾಗೆ ಬಿಟ್ಟು ನೋಡಿ! ನಾಯಿ "ಕ್ಲಾಸಲ್ಲಿ ಎಲ್ಲರ ಹತ್ರಾನೂ ಫೋನ್ ಇದೆ" ಅನ್ನುವುದಿಲ್ಲ. ಅದೇ ವೇಳೆಗೆ, ಸಂಜೆ ಬ್ಯಾಂಕಿನಿಂದ ಬಂದಾಗ ಬಾಗಿಲ ತನಕ ಓಡಿ ಬರುವುದೂ ಅದೊಂದೇ. ಉಳಿದಿಬ್ಬರು ತಲೆ ಎತ್ತದೆ "ಅಮ್ಮಾ, ತಿನ್ನಕ್ಕೇನಿದೆ?" ಅನ್ನುತ್ತಾರೆ.

ಫ್ಲಾಟಿನಲ್ಲಿರುವವರಿಗೆ ನೆಂಟರಿಗಿಂತ ಸಂಘದವರ ಕಾಟ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ, ಬಹುಮತ ಇದ್ದರೂ ಸಂಘದವರು ನಾಯಿ ಸಾಕುವುದನ್ನು ನಿಷೇಧಿಸುವ ಹಾಗಿಲ್ಲ. ಅದರ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಜೊತೆಗೆ ನಾಯಿಯನ್ನು ಹಗ್ಗದಲ್ಲಿ ಹಿಡಿದುಕೊಳ್ಳಿ, ಗಲೀಜು ಎತ್ತಿ. ಜಗಳ ಅರ್ಧ ಅಲ್ಲಿಗೇ ನಿಲ್ಲುತ್ತದೆ.

ಊರಿಗೆ ಹೋಗುವಾಗ

ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಾಯಿಗೂ ಟಿಕೆಟ್ ತೆಗೆಯಬೇಕು, ಎಸಿ ಬಸ್ಸಿಗೆ ಹತ್ತಿಸುವುದಿಲ್ಲ. ರೈಲಿನಲ್ಲಿ ಜೊತೆಗೇ ಕೂರಿಸಿಕೊಳ್ಳಬೇಕಾದರೆ ಫಸ್ಟ್ ಕ್ಲಾಸಿನ ಕೂಪೆ, ಅಂದರೆ ಇಬ್ಬರು ಮಲಗುವ ಪುಟ್ಟ ಕೋಣೆ, ಪೂರ್ತಿ ನಿಮ್ಮದಾಗಿರಬೇಕು. ಇಲ್ಲದಿದ್ದರೆ ಗಾರ್ಡಿನ ಬ್ರೇಕ್ ವ್ಯಾನು. ಮದುವೆ ಛತ್ರಕ್ಕಂತೂ ಕರೆದೊಯ್ಯಲೇಬೇಡಿ, ನಾಯಿಗೂ ಹಿಂಸೆ, ಬೀಗರಿಗೂ ಹಿಂಸೆ.

ಮನೆಯಲ್ಲಿ ಒಬ್ಬರನ್ನು ಬಿಟ್ಟು ಹೋಗುವುದೇ ವಾಸಿ. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ: ಡಾಕ್ಟರ ನಂಬರ್, ಊಟದ ಹೊತ್ತು, ತಿನ್ನಬಾರದ್ದರ ಪಟ್ಟಿ, ಗೇಟಿನ ಮೇಲಿನ ಚಿಲಕ, ಕೆಳಗಿನ ಚಿಲಕ ಎರಡೂ ಹಾಕುವುದು. ಉಳಿಯುವವರು ಅತ್ತೆಯಾದರೆ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಹೊರಡುವ ಮುಂಚೆ ಬೆಣ್ಣೆ ಬಿಸ್ಕತ್ತಿನ ಡಬ್ಬಿಯನ್ನು ಅಟ್ಟದ ಮೇಲಿಡಿ.