ಅರವತ್ತು ದಾಟಿದ ಕಾಲಿಗೆ ಕಾಡಿನ ಶೂ: ನನ್ನ ಅನುಭವ

ನಮ್ಮ ಅರಣ್ಯ ಇಲಾಖೆಯಲ್ಲಿ ಕಾಡಿಗೆ ಹಾಕುವ ಶೂಗೆ ಹಂಟರ್ ಶೂ ಅಂತಲೇ ಹೆಸರು. ಹಸಿರು ಕ್ಯಾನ್ವಾಸ್ ಬಟ್ಟೆ, ಕೆಳಗೆ ದಪ್ಪ ರಬ್ಬರ್, ಕಾಲಿನ ಹರಡು ಮುಚ್ಚುವಷ್ಟು ಎತ್ತರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಗೆ ನಿಷೇಧ ಬಿತ್ತು, ಶೂಗೆ ಮಾತ್ರ ಹಳೇ ಹೆಸರೇ ಉಳಿಯಿತು. ಗಾರ್ಡು, ವಾಚರು, ಕಾಫಿ ತೋಟದವರು ಎಲ್ಲರೂ ಅಂಗಡಿಯಲ್ಲಿ ಹಾಗೇ ಕೇಳುತ್ತಾರೆ.

ನಾನು 1986ರಲ್ಲಿ ಗಾರ್ಡ್ ಆಗಿ ಸೇರಿದವನು. ಭದ್ರಾ ಕಾಡಿನ ಮುತ್ತೋಡಿ ಕಡೆ ಜಾಸ್ತಿ ವರ್ಷ ಕೆಲಸ ಮಾಡಿ 2021ರಲ್ಲಿ ನಿವೃತ್ತನಾದೆ. ಅಷ್ಟೂ ವರ್ಷ ಕಾಲಿಗಿದ್ದದ್ದು ಎಂಟನೇ ನಂಬರಿನ ಹಂಟರ್ ಶೂ. ಕೊಟ್ಟದ್ದನ್ನು ಹಾಕಿಕೊಂಡು ನಡೆಯುವುದಷ್ಟೇ ಗೊತ್ತಿತ್ತು. ಶೂ ಆರಿಸಬೇಕು ಅನ್ನುವ ಯೋಚನೆಯೇ ಬಂದಿರಲಿಲ್ಲ.

ಮೊದಲು ನೋವು ಕಾಣಿಸಿದ್ದು 2018ರ ಹುಲಿ ಗಣತಿಯಲ್ಲಿ. ಆಗ ನನಗೆ 57. ಮೂರು ದಿನ, ದಿನಕ್ಕೆ 5 ಕಿ.ಮೀ. ನಡೆದು ಹುಲಿ, ಚಿರತೆಯ ಹೆಜ್ಜೆ, ಹಿಕ್ಕೆ, ಮರದ ಮೇಲಿನ ಪರಚು ಗುರುತು ಹುಡುಕಬೇಕು. ಆಮೇಲೆ ಮೂರು ದಿನ 2 ಕಿ.ಮೀ. ನೇರ ಲೈನಿನಲ್ಲಿ ನಡೆದು ಕಂಡ ಜಿಂಕೆ, ಕಡವೆ, ಕಾಟಿ ಲೆಕ್ಕ ಬರೆಯಬೇಕು. ನಾಲ್ಕನೇ ದಿನ ಬೆಳಿಗ್ಗೆ ಕ್ಯಾಂಪಿನಲ್ಲಿ ಎದ್ದು ನೆಲಕ್ಕೆ ಕಾಲಿಟ್ಟೆ. ಎಡ ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಯಿತು. ಗೋಡೆ ಹಿಡಿದುಕೊಂಡು ಹತ್ತು ಹೆಜ್ಜೆ ಹಾಕಿದ ಮೇಲೆ ಸ್ವಲ್ಪ ಕಡಿಮೆ. ಸಂಜೆ ಶೂ ಬಿಚ್ಚಿ ಕೂತು ಎದ್ದರೆ ಮತ್ತೆ ಅದೇ ನೋವು.

ಚಿಕ್ಕಮಗಳೂರಿನ ಡಾಕ್ಟರ್ ಹಿಮ್ಮಡಿಯ ಒಳಬದಿಯನ್ನು ಹೆಬ್ಬೆರಳಿಂದ ಒತ್ತಿದರು. ನಾನು ಕೂಗಿಕೊಂಡೆ. ಅಂಗಾಲಿನಲ್ಲಿ ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಒಂದು ಗಟ್ಟಿ ನಾರಿನ ಪಟ್ಟಿ ಇರುತ್ತದೆ. ಅದೇ ಪಾದದ ಕಮಾನನ್ನು ಎಳೆದು ಹಿಡಿಯುವುದು. ರಾತ್ರಿ ಮಲಗಿದಾಗ ಅದು ಬಿಗಿದುಕೊಂಡಿರುತ್ತದೆ, ಬೆಳಿಗ್ಗೆ ಮೊದಲ ಹೆಜ್ಜೆಗೆ ಜಗ್ಗುತ್ತದೆ. ಇಷ್ಟನ್ನು ಬಿಡಿಸಿ ಹೇಳಿ, ಇನ್ನೊಂದು ಮಾತು ಹೇಳಿದರು. ವಯಸ್ಸಾಗುತ್ತಾ ಹಿಮ್ಮಡಿಯ ಕೆಳಗಿನ ಕೊಬ್ಬಿನ ಮೆತ್ತೆ ತೆಳುವಾಗುತ್ತದೆ. ಪಾದದ ಕಟ್ಟುಗಳು ಸಡಿಲವಾಗಿ ಪಾದ ಅಗಲವಾಗುತ್ತದೆ, ಕೆಲವರಿಗೆ ಉದ್ದವೂ ಆಗುತ್ತದೆ. "ನಿಮ್ಮ ಶೂ ನಂಬರ್ ಕೊನೇ ಸಲ ಯಾವಾಗ ನೋಡಿದ್ರಿ?" ಅಂತ ಕೇಳಿದರು. 1986ರಲ್ಲಿ ಅಂದೆ.

ಆ ಮಾತನ್ನು ನಾನು ಅಲ್ಲೇ ಕೇಳಬೇಕಿತ್ತು. ಕೇಳಲಿಲ್ಲ. ನಿವೃತ್ತಿಯಾದ ಮೇಲೆ ಕಾಲೇಜು ಮಕ್ಕಳ ಪ್ರಕೃತಿ ಶಿಬಿರಗಳಿಗೆ ದಾರಿ ತೋರಿಸಲು ಹೋಗಲು ಶುರು ಮಾಡಿದೆ. ಒಳ್ಳೇ ಶೂ ಬೇಕು ಅನ್ನಿಸಿ ಬೆಂಗಳೂರಿನ ಒಂದು ಅಂಗಡಿಯಲ್ಲಿ 9,000 ರೂಪಾಯಿ ಕೊಟ್ಟು ಚರ್ಮದ ಎತ್ತರದ ಬೂಟು ತಂದೆ. ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ, ಎಂಟು ನಂಬರ್ ಅಂತ ಹೇಳಿ, ಕಾರ್ಪೆಟ್ ಮೇಲೆ ನಾಲ್ಕು ಹೆಜ್ಜೆ ನಡೆದು ತಂದದ್ದು. ಅಂಗಡಿಯ ಹುಡುಗ "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಅಂಕಲ್" ಅಂದ.

ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತುವಾಗ ಏನೂ ತೊಂದರೆಯಾಗಲಿಲ್ಲ. ಇಳಿಯುವಾಗ ಗೊತ್ತಾಯಿತು. ಒಂದೊಂದು ಹೆಜ್ಜೆಗೂ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಬೂಟಿನ ಮೂತಿಗೆ ಕುಟ್ಟುತ್ತಿತ್ತು. ಮನೆಗೆ ಬಂದು ಸಾಕ್ಸ್ ಬಿಚ್ಚಿದರೆ ಎರಡೂ ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಬಲಗಾಲಿನ ಉಗುರು ಮುಂದಿನ ತಿಂಗಳು ಕಿತ್ತೇ ಬಂತು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಆ ಜೋಡಿ 1 ಕೆ.ಜಿ. 600 ಗ್ರಾಂ ತೂಗಿತು. ಅಷ್ಟು ಭಾರ ಎತ್ತಿ ಹಾಕಿ ಮಂಡಿಯೂ ನೋಯುತ್ತಿತ್ತು.

ಆಮೇಲೆ ಮಾಡಿದ ಕೆಲಸವನ್ನು ಎಲ್ಲರೂ ಮೊದಲೇ ಮಾಡಬೇಕು. ಸಂಜೆ ಆರರ ಹೊತ್ತಿಗೆ, ತೋಟ ಸುತ್ತಿ ಬಂದ ಮೇಲೆ, ಗೋಡೆಗೆ ಹಿಮ್ಮಡಿ ತಾಗಿಸಿ ಹಾಳೆಯ ಮೇಲೆ ನಿಂತೆ. ಕೂತು ಅಳೆದರೆ ಪ್ರಯೋಜನವಿಲ್ಲ, ಮೈಭಾರ ಬಿದ್ದಾಗಲೇ ಪಾದ ಹರಡುವುದು. ಸಂಜೆಗೆ ಪಾದ ಊದಿಯೂ ಇರುತ್ತದೆ. ನನ್ನ ಹೆಂಡತಿ ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆದಳು. ಎಡಗಾಲು 26.8 ಸೆಂ.ಮೀ., ಬಲಗಾಲು 27.2. "ರೀ, ಎರಡು ಕಾಲೂ ಒಂದೇ ಸಮ ಇಲ್ವಲ್ಲ" ಅಂದಳು. ಹೆಚ್ಚಿನವರಿಗೆ ಇರುವುದಿಲ್ಲ. ದೊಡ್ಡ ಕಾಲಿಗೇ ಶೂ ಕೊಳ್ಳಬೇಕು. ನಮ್ಮಲ್ಲಿ ನಡೆಯುವ ಬ್ರಿಟಿಷ್ ನಂಬರಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸುಮಾರು 8.5 ಮಿ.ಮೀ. ವ್ಯತ್ಯಾಸ. ನನ್ನ ಕಾಲು ಒಂಬತ್ತಕ್ಕೆ ಬಂದು ಎಷ್ಟೋ ವರ್ಷವಾಗಿತ್ತು.

ಉದ್ದಕ್ಕಿಂತ ನನ್ನನ್ನು ಕಾಡಿದ್ದು ಅಗಲ. ಕಿರುಬೆರಳಿನ ಪಕ್ಕ ಒತ್ತುತ್ತದೆ ಅಂತ ಜನ ಒಂದು ನಂಬರ್ ದೊಡ್ಡದು ಕೊಳ್ಳುತ್ತಾರೆ. ಆಗ ಹಿಮ್ಮಡಿ ಸಡಿಲವಾಗಿ ಮೇಲೆ ಕೆಳಗೆ ಉಜ್ಜಿ ಬೊಬ್ಬೆ ಏಳುತ್ತದೆ. ಉದ್ದ ಸರಿಯಿದ್ದು ಮೂತಿ ಅಗಲವಿರುವ ಶೂ ಹುಡುಕಬೇಕು. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದ ಬೇರೆ ಬೇರೆ ಕಡೆ 1 ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದಿದ್ದಾರೆ. ಯುರೋಪ್, ಅಮೆರಿಕದವರಿಗಿಂತ ನಮ್ಮ ಪಾದ ಅಗಲ ಅಂತ ಅವರಿಗೆ ಕಂಡುಬಂತು. ಅದರ ಮೇಲೆ 'ಭ' ಅನ್ನುವ ನಮ್ಮದೇ ನಂಬರ್ ಪದ್ಧತಿಯನ್ನೂ ಸೂಚಿಸಿದ್ದಾರೆ. ಹೊರದೇಶದ ಅಚ್ಚಿನ ಶೂ ನಮಗೆ ಪಕ್ಕದಲ್ಲಿ ಕಚ್ಚುವುದರಲ್ಲಿ ಆಶ್ಚರ್ಯವಿಲ್ಲ.

ಎರಡನೇ ಸಲ ಸಂಜೆ ಹೊತ್ತು ಅಂಗಡಿಗೆ ಹೋದೆ. ಕಾಡಿಗೆ ಹಾಕುವ ದಪ್ಪ ಸಾಕ್ಸನ್ನೇ ಹಾಕಿಕೊಂಡು ಹೋಗಿದ್ದೆ. ಮೊದಲು ಶೂ ಒಳಗಿನ ಸೋಲ್ ಹೊರಗೆ ತೆಗೆದು ನೆಲಕ್ಕಿಟ್ಟು ಅದರ ಮೇಲೆ ನಿಂತೆ. ಪಾದ ಅದರ ಅಂಚು ಮೀರಿ ಹೊರಬಂದರೆ ಆ ಶೂ ಬೇಡ. ಎರಡು ಜೋಡಿ ಅಲ್ಲೇ ಬಿದ್ದುಹೋದವು. ಮೂರನೆಯದರ ಹಿಮ್ಮಡಿಯ ಹಿಂಭಾಗವನ್ನು ಬೆರಳಿಂದ ಒತ್ತಿ ನೋಡಿದೆ, ಗಟ್ಟಿಯಾಗಿ ನಿಂತಿತು. ಅದು ಮೆತ್ತಗೆ ಒಳಗೆ ಹೋದರೆ ಇಳಿಜಾರಿನಲ್ಲಿ ಕಾಲು ಪಕ್ಕಕ್ಕೆ ವಾಲುತ್ತದೆ. ಮೂತಿ, ಹಿಮ್ಮಡಿ ಎರಡನ್ನೂ ಹಿಡಿದು ಬಗ್ಗಿಸಿದೆ. ಬೆರಳು ಮಡಚುವ ಜಾಗದಲ್ಲಿ ಬಗ್ಗಿತು, ನಡುವೆ ಬಗ್ಗಲಿಲ್ಲ. ಹಾಗಿರಬೇಕು. ನಡುವಲ್ಲಿ ಮಡಚುವ ಶೂ ಕಮಾನಿಗೆ ಏನೂ ಆಸರೆ ಕೊಡುವುದಿಲ್ಲ. ನನ್ನ ಹಳೇ ಹಂಟರ್ ಶೂ ಮನೆಯಲ್ಲಿ ಹೀಗೇ ಬಗ್ಗಿಸಿ ನೋಡಿದ್ದೆ, ಚಪಾತಿಯಂತೆ ಮಡಚಿತು.

ಆಮೇಲೆ ಅಂಗಡಿಯ ಹೊರಗೆ ಕಾರು ಹತ್ತಿಸುವ ಇಳಿಜಾರು ಇತ್ತು. ಅದರ ಮೇಲೆ ಹತ್ತು ಸಲ ಕೆಳಮುಖವಾಗಿ ದಬದಬ ಇಳಿದೆ. ಬೆರಳು ಮುಂದೆ ತಾಗಬಾರದು. ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳು ಅಗಲದಷ್ಟು ಜಾಗ ಇರಬೇಕು. ಇಳಿಜಾರು ಇಲ್ಲದಿದ್ದರೆ ಮೆಟ್ಟಿಲು ಇಳಿಯಿರಿ. ಅಂಗಡಿಯವರು ಬೇಸರ ಮಾಡಿಕೊಂಡರೆ ಬೇರೆ ಅಂಗಡಿ ನೋಡಿ. ಸಪಾಟು ನೆಲದಲ್ಲಿ ಎಲ್ಲ ಶೂ ಚೆನ್ನಾಗಿಯೇ ಇರುತ್ತದೆ, ಅಲ್ವಾ? ನಾನು ಕೊಂಡ ಜೋಡಿಗೆ 4,500 ರೂಪಾಯಿ, ತೂಕ 950 ಗ್ರಾಂ.

ಲೇಸ್ ಕಟ್ಟುವುದನ್ನೂ ಬದಲಿಸಿದೆ. ಕೊನೆಯ ತೂತಿಗೆ ಬಂದಾಗ ಲೇಸನ್ನು ಎದುರಿಗೆ ದಾಟಿಸದೆ, ಅದೇ ಬದಿಯ ತೂತಿಗೆ ಹಾಕಿ ಸಣ್ಣ ಕುಣಿಕೆ ಬಿಡುತ್ತೇನೆ. ಎರಡೂ ಬದಿ ಹೀಗೆ. ಎಡದ ಲೇಸು ಬಲದ ಕುಣಿಕೆಯೊಳಗೆ, ಬಲದ್ದು ಎಡದ ಕುಣಿಕೆಯೊಳಗೆ ಹೊಗಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿ ಎಳೆದು ಗಂಟು ಹಾಕುತ್ತೇನೆ. ಹಿಮ್ಮಡಿ ಅಲುಗುವುದಿಲ್ಲ. ಬೆರಳಿನ ಕಡೆ ಸಡಿಲವಾಗೇ ಇರುತ್ತದೆ. ಇಳಿಯಲು ಶುರು ಮಾಡುವ ಮೊದಲು ಒಂದು ಕಲ್ಲಿನ ಮೇಲೆ ಕೂತು ಮತ್ತೆ ಬಿಗಿ ಮಾಡಿಕೊಳ್ಳುವುದು ಈಗ ಅಭ್ಯಾಸ.

ಹಿಮ್ಮಡಿಗೆ ಇನ್ನೂ ಸ್ವಲ್ಪ ಮೆತ್ತೆ ಬೇಕಿತ್ತು. ಸಕ್ಕರೆ ಕಾಯಿಲೆಯವರಿಗೆ ಎಂ.ಸಿ.ಆರ್. ಚಪ್ಪಲಿ ಅಂತ ಕೊಡುತ್ತಾರಲ್ಲ, ಅದೇ ಸಣ್ಣ ಸಣ್ಣ ಗಾಳಿಗುಳ್ಳೆಯ ರಬ್ಬರ್. ಕುಷ್ಠರೋಗಿಗಳ ಸ್ಪರ್ಶವಿಲ್ಲದ ಪಾದ ಉಳಿಸಲು ಬಳಕೆಗೆ ಬಂದದ್ದು. ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರಿಗೆ ಒಂದು ತುಂಡು ತಂದುಕೊಟ್ಟೆ. ಶೂವಿನ ಒಳಸೋಲನ್ನು ಅಚ್ಚಾಗಿ ಇಟ್ಟು ಕತ್ತರಿಸಿ, ಅಂಚನ್ನು ಇಳಿಜಾರಾಗಿ ಕೆತ್ತಿದರು. "ಹಿಮ್ಮಡಿ ಕೆಳಗೆ ಮಾತ್ರ ಡಬಲ್ ಹಾಕ್ತೀನಿ ಸಾರ್, ಮುಂದೆ ಹಾಕಿದ್ರೆ ಬೆರಳಿಗೆ ಜಾಗ ಇರಲ್ಲ" ಅಂದರು. ಅವರು ಹೇಳಿದ್ದೇ ಸರಿ. ಬೆಳಗಿನ ನೋವು ಎರಡು ತಿಂಗಳಲ್ಲಿ ಬಹಳ ಇಳಿಯಿತು. ಜೊತೆಗೆ ಡಾಕ್ಟರ್ ಹೇಳಿದಂತೆ ಹಾಸಿಗೆಯಲ್ಲೇ ಕೂತು ಟವೆಲ್‌ನಿಂದ ಬೆರಳುಗಳನ್ನು ಮೈಕಡೆ ಎಳೆದು ಹಿಡಿಯುತ್ತಿದ್ದೆ. ಶೂ ಒಂದೇ ವಾಸಿ ಮಾಡಿತು ಅಂತ ಹೇಳಲಾರೆ.

ವಾಟರ್‌ಪ್ರೂಫ್ ಬಗ್ಗೆ ಮಕ್ಕಳು ತುಂಬಾ ಕೇಳುತ್ತಾರೆ. ಚಳಿಗಾಲದ ಇಬ್ಬನಿಗೆ ಅದು ಒಳ್ಳೆಯದು. ನಮ್ಮ ಜುಲೈ ಮಳೆಗೆ ಅಲ್ಲ. ನೀರು ಪ್ಯಾಂಟಿನಿಂದ ಇಳಿದು ಶೂವಿನ ಬಾಯಿಂದಲೇ ಒಳಗೆ ಬರುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ. ಆ 9,000 ರೂಪಾಯಿಯ ಬೂಟು ಎರಡು ದಿನವಾದರೂ ಒಣಗುತ್ತಿರಲಿಲ್ಲ. ನೀರು ಬಂದು ಹೋಗುವ ಬಟ್ಟೆಯ ಶೂ, ಉಣ್ಣೆ ಮಿಶ್ರಿತ ಸಾಕ್ಸ್, ಅದರ ಮೇಲೆ ಇಂಬಳ (ಜಿಗಣೆ) ಹತ್ತದಂತೆ ಮೊಣಕಾಲವರೆಗಿನ ಬಟ್ಟೆ ಚೀಲ. ಮಳೆಗಾಲಕ್ಕೆ ಇದೇ ನನ್ನ ಆಯ್ಕೆ. ಗಮ್ ಬೂಟು ತೋಟದಲ್ಲಿ ಅರ್ಧ ಗಂಟೆಗೆ ಸರಿ, ನಡಿಗೆಗೆ ಬೇಡ. ಬೇಸಿಗೆಯಲ್ಲಿ ಮಾತ್ರ ಹರಡಿನ ಮೇಲೆ ಬರುವ ಶೂ ಹಾಕಿ ಪ್ಯಾಂಟನ್ನು ಸಾಕ್ಸಿನೊಳಗೆ ತುರುಕುತ್ತೇನೆ, ಉಣುಗಿನ ಭಯಕ್ಕೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ, ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಇವತ್ತಿಗೂ ನಮ್ಮ ಜನರನ್ನು ಬಿಟ್ಟಿಲ್ಲ.

ಒದ್ದೆ ಶೂವನ್ನು ಬಚ್ಚಲ ಒಲೆಯ ಮುಂದೆ ಇಡಬೇಡಿ, ಅಂಟು ಬಿಡುತ್ತದೆ. ಒಳಸೋಲ್ ತೆಗೆದು, ಹಳೇ ಪೇಪರ್ ಉಂಡೆ ತುಂಬಿ, ಮೂರು ಗಂಟೆಗೊಮ್ಮೆ ಬದಲಿಸಿ. ಚೆನ್ನಾಗಿದೆ ಅಂತ ಪೆಟ್ಟಿಗೆಯಲ್ಲಿ ಎತ್ತಿಟ್ಟರೂ ಹಾಳೇ. ನನ್ನ ಸ್ನೇಹಿತರೊಬ್ಬರು ನಾಲ್ಕು ಮಳೆಗಾಲ ಅಟ್ಟದ ಮೇಲಿಟ್ಟಿದ್ದ ಬೂಟು ಹಾಕಿಕೊಂಡು ಕೆಮ್ಮಣ್ಣುಗುಂಡಿಗೆ ಬಂದರು. ಅರ್ಧ ದಾರಿಯಲ್ಲಿ ಸೋಲು ರಸ್ಕಿನಂತೆ ಪುಡಿಯಾಗಿ ಕಳಚಿತು. ಕೆಲವು ಶೂಗಳ ಸೋಲಿನಲ್ಲಿ ಪಾಲಿಯುರಿಥೇನ್ ಇರುತ್ತದೆ, ಗಾಳಿಯ ತೇವಕ್ಕೇ ಅದು ಒಳಗಿಂದ ಒಡೆಯುತ್ತದೆ. ನಮ್ಮ ಮಲೆನಾಡಿನಲ್ಲಿ ತೇವಕ್ಕೇನು ಬರ! ಅವರ ಶೂವನ್ನು ಬಳ್ಳಿಯಿಂದ ಸುತ್ತಿ ಕಟ್ಟಿ ಕೆಳಗಿಳಿಸಿದೆವು.

ಅದೇ ಸ್ನೇಹಿತರಿಗೆ ಸಕ್ಕರೆ ಕಾಯಿಲೆ, ಅಂಗಾಲು ಮರಗಟ್ಟಿದೆ. ಅವತ್ತು ಮೊಳೆ ಚುಚ್ಚಿ ಸಾಕ್ಸ್ ಒದ್ದೆಯಾಗಿದ್ದರೂ ಅವರಿಗೆ ಗೊತ್ತಾಗಿರಲಿಲ್ಲ. ಈಗ ಅವರು ಶೂ ಹಾಕುವ ಮೊದಲು ಒಳಗೆ ಕೈ ಹಾಕಿ ತಡವಿ ನೋಡುತ್ತಾರೆ, ಬಿಚ್ಚಿದ ಮೇಲೆ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡುತ್ತಾರೆ. ಹೋದ ವಾರ ನಮ್ಮನೆಗೆ ಬಂದಿದ್ದರು. ಸಂಜೆಯವರೆಗೆ ಕೂರಿಸಿಕೊಂಡು, ಹಾಳೆ ಪೆನ್ಸಿಲ್ ತಂದು, ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿದೆ.