ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ: ಹೊಸದಾಗಿ ಬಂದ ನಮ್ಮವರಿಗೆ

ಮನೆಯಲ್ಲಿ ಯಾರಾದರೂ ಅಡ್ಮಿಟ್ ಆದ ಕೂಡಲೇ ಹೊಸಬರು ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ: "ರಾತ್ರಿ ಜೊತೆಗೆ ಯಾರು ಇರಬೇಕು?" ಯಾರೂ ಬೇಡ. ದೊಡ್ಡವರ ವಾರ್ಡಿನಲ್ಲಿ ಸಾಧಾರಣವಾಗಿ ಇರಲು ಬಿಡುವುದೂ ಇಲ್ಲ. ಊರಿನ ದೊಡ್ಡಾಸ್ಪತ್ರೆಯಲ್ಲಿ ರೋಗಿಯ ಜೊತೆ ಒಬ್ಬರು ಚಾಪೆ ಸುತ್ತಿಕೊಂಡು ಹೋಗಲೇಬೇಕು. ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡುವುದು, ರಕ್ತದ ಸ್ಯಾಂಪಲ್ ಲ್ಯಾಬಿಗೆ ಮುಟ್ಟಿಸುವುದು, ಎಕ್ಸ್‌ರೇಗೆ ವೀಲ್‌ಚೇರ್ ತಳ್ಳುವುದು, ಕ್ಯಾಶ್ ಕೌಂಟರಿನಲ್ಲಿ ಕ್ಯೂ ನಿಲ್ಲುವುದು ಎಲ್ಲ ಅವರ ಪಾಲಿನದು. ಇಲ್ಲಿ ಅದಷ್ಟೂ ವಾರ್ಡಿನವರ ಕೆಲಸ. ಮನೆಯವರ ಪಾಲಿಗೆ ಉಳಿಯುವುದು ಮಾತಾಡುವುದೊಂದೇ: ಕೇಳುವುದು, ಹೇಳುವುದು, ಬೇಕಾದರೆ ಒಪ್ಪುವುದಿಲ್ಲ ಎನ್ನುವುದು. ಓಡಾಟಕ್ಕಾದರೆ ನಮ್ಮವರು ಎಷ್ಟು ಬೇಕಾದರೂ ಸಿದ್ಧ, ಬಾಯಿ ಬಿಡಲು ಮಾತ್ರ ಸಂಕೋಚ. ಇಲ್ಲಿ ತೊಂದರೆಯಾಗುವುದು ಹೆಚ್ಚಾಗಿ ಅದರಿಂದಲೇ.

ನಾನು ಬರೆಯುತ್ತಿರುವುದು ಇಂಗ್ಲೆಂಡಿನ ಎನ್‌ಎಚ್‌ಎಸ್, ಅಂದರೆ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆಗಳ ಬಗ್ಗೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ ಆಡಳಿತ ಬೇರೆ, ಕೆಲವು ನಿಯಮಗಳೂ ಬೇರೆ.

ಜೀವಕ್ಕೆ ಅಪಾಯ ಅನ್ನಿಸಿದರೆ 999ಕ್ಕೆ ಫೋನ್ ಮಾಡಿ. ಅಷ್ಟಿಲ್ಲ, ಆದರೆ ಏನು ಮಾಡಬೇಕೆಂದು ತೋಚುತ್ತಿಲ್ಲ ಎಂದಾದರೆ 111. ಎ ಅಂಡ್ ಇ, ಅಂದರೆ ತುರ್ತು ವಿಭಾಗದಲ್ಲಿ ಮೊದಲು ಬಂದವರನ್ನು ಮೊದಲು ನೋಡುವ ಪದ್ಧತಿಯಿಲ್ಲ, ಯಾರ ಸ್ಥಿತಿ ಹೆಚ್ಚು ಕೆಟ್ಟಿದೆಯೋ ಅವರು ಮೊದಲು. 4 ಗಂಟೆಯೊಳಗೆ ನೋಡಿ ತೀರ್ಮಾನಿಸಬೇಕು ಎಂಬುದು ಸರ್ಕಾರದ ಗುರಿ. ಅದು ಗುರಿ ಅಷ್ಟೇ, ಹೊಟ್ಟೆಗೇನಾದರೂ ಕಟ್ಟಿಕೊಂಡು ಹೋಗಿ. ಮನೆಯಲ್ಲಿ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ಡಬ್ಬಿ ಸಮೇತ ಒಂದು ಚೀಲಕ್ಕೆ ಹಾಕಿಕೊಳ್ಳಿ. ಊರಿನಿಂದ ತಂದ ಕಷಾಯ, ಲೇಹ್ಯ, ಚೂರ್ಣಗಳೂ ಆ ಚೀಲದಲ್ಲಿರಲಿ. ಮುಚ್ಚಿಟ್ಟರೆ ಅಲ್ಲಿ ಕೊಡುವ ಔಷಧಿಯ ಜೊತೆ ಅದು ಹೊಂದುತ್ತದೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ.

ದುಡ್ಡಿನ ವಿಷಯ. ವರ್ಕ್ ವೀಸಾ, ಸ್ಟೂಡೆಂಟ್ ವೀಸಾದವರು ವೀಸಾ ಫೀಸಿನ ಜೊತೆಗೇ ಹೆಲ್ತ್ ಸರ್‌ಚಾರ್ಜ್ ಕಟ್ಟಿರುತ್ತೀರಿ: 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೂ 18ರೊಳಗಿನ ಮಕ್ಕಳಿಗೂ 776. ಹೆಲ್ತ್ ಅಂಡ್ ಕೇರ್ ವೀಸಾದವರಿಗೆ ಅದೂ ಇಲ್ಲ. ಆಮೇಲೆ ಹಾಸಿಗೆಗೆ, ಆಪರೇಷನ್ನಿಗೆ, ಊಟಕ್ಕೆ, ವಾರ್ಡಿನಲ್ಲಿ ಕೊಡುವ ಔಷಧಿಗೆ ಬಿಲ್ಲಿಲ್ಲ. ಅಡ್ವಾನ್ಸ್ ಎಷ್ಟು ಕಟ್ಟಬೇಕೆಂದು ಕೌಂಟರ್ ಹುಡುಕುತ್ತಾ ಅಲೆಯಬೇಡಿ. ಆಯಾಗೋ ವಾರ್ಡ್‌ಬಾಯ್‌ಗೋ ಕೈಬೆಚ್ಚಗೆ ಮಾಡುವ ಅಭ್ಯಾಸವನ್ನೂ ಊರಿನಲ್ಲೇ ಬಿಟ್ಟು ಬನ್ನಿ, ಇಲ್ಲಿ ಸಿಬ್ಬಂದಿ ದುಡ್ಡು ಮುಟ್ಟುವಂತಿಲ್ಲ. ಹೊರಡುವ ದಿನ ಒಂದು ಡಬ್ಬಿ ಚಾಕೊಲೇಟ್, ಒಂದು ಥ್ಯಾಂಕ್ಯೂ ಕಾರ್ಡ್ ಕೊಟ್ಟರೆ ಸಾಕು.

ವಿಸಿಟ್ ವೀಸಾದಲ್ಲಿ ಬಂದ ಅಪ್ಪ ಅಮ್ಮನ ಲೆಕ್ಕವೇ ಬೇರೆ. ಇದನ್ನು ಎರಡು ಸಲ ಓದಿ. ಎ ಅಂಡ್ ಇಯಲ್ಲಿ ಕೊಡುವ ಚಿಕಿತ್ಸೆ ಅವರಿಗೂ ಉಚಿತ. ಆದರೆ ಅಲ್ಲಿಂದ ವಾರ್ಡಿಗೆ ಅಡ್ಮಿಟ್ ಮಾಡಿಕೊಂಡರೆ ಆ ಕ್ಷಣದಿಂದ ಮೀಟರ್ ಓಡತೊಡಗುತ್ತದೆ, ಅದೂ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು. ತುರ್ತು ಚಿಕಿತ್ಸೆಯನ್ನು ದುಡ್ಡಿಲ್ಲವೆಂದು ತಡೆಯುವಂತಿಲ್ಲ, ಹಾಗಾಗಿ ಖರ್ಚಿಗೆ ಹೆದರಿ ಎದೆನೋವು ಬಂದವರನ್ನು ಮನೆಯಲ್ಲಿ ಕೂರಿಸಿಕೊಳ್ಳಬೇಡಿ. ಬಿಲ್ಲು ಮಾತ್ರ ಹಿಂದಿನಿಂದ ಬಂದೇ ಬರುತ್ತದೆ. 500 ಪೌಂಡಿಗೆ ಮೇಲ್ಪಟ್ಟ ಬಾಕಿ ಎರಡು ತಿಂಗಳು ಕಳೆದರೂ ತೀರದಿದ್ದರೆ ಅದನ್ನು ವೀಸಾ ಕೊಡುವ ಇಲಾಖೆಯಾದ ಹೋಮ್ ಆಫೀಸಿಗೆ ತಿಳಿಸಬಹುದು, ಮುಂದಿನ ವೀಸಾಕ್ಕೆ ಅದು ಅಡ್ಡ ಬರುತ್ತದೆ. ಒಟ್ಟಿಗೆ ಕಟ್ಟಲಾಗದಿದ್ದರೆ ಆಸ್ಪತ್ರೆಯ ಓವರ್‌ಸೀಸ್ ವಿಸಿಟರ್ಸ್ ಆಫೀಸಿನವರ ಜೊತೆ ಕೂತು ಕಂತು ಮಾಡಿಸಿಕೊಳ್ಳಿ, ಕಾಗದ ಬಂದರೆ ಉತ್ತರ ಕೊಡದೆ ಕೂರಬೇಡಿ. ಎಲ್ಲಕ್ಕಿಂತ ಮೊದಲು, ಟಿಕೆಟ್ ಬುಕ್ ಮಾಡುವಾಗಲೇ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ. ಅದರಲ್ಲಿ ಬಿಪಿ, ಶುಗರ್, ಹಿಂದೆ ಹಾಕಿದ ಸ್ಟೆಂಟು ಎಲ್ಲವನ್ನೂ ಬರೆಸಿ. ಪ್ರೀಮಿಯಂ ಉಳಿಸಲು ಮುಚ್ಚಿಟ್ಟರೆ ಕ್ಲೇಮಿನ ಹೊತ್ತಿಗೆ ಆ ಕಾಗದ ಉಪ್ಪಿನಕಾಯಿ ಹಾಕಲಿಕ್ಕೂ ಬರುವುದಿಲ್ಲ.

ವಾರ್ಡಿಗೆ ಹೋದ ಮೇಲೆ

ಮೊದಲು ಕೈಗೆ ಪಟ್ಟಿ ಕಟ್ಟುತ್ತಾರೆ. ಅದರಲ್ಲಿ ಹೆಸರು, ಹುಟ್ಟಿದ ದಿನಾಂಕ, 10 ಅಂಕಿಯ ಎನ್‌ಎಚ್‌ಎಸ್ ನಂಬರ್ ಇರುತ್ತವೆ. ಅಲರ್ಜಿ ಇದ್ದರೆ ಕೆಂಪು ಪಟ್ಟಿ. ಪ್ರತಿ ಮಾತ್ರೆಗೂ ಪ್ರತಿ ರಕ್ತ ಪರೀಕ್ಷೆಗೂ ನರ್ಸ್ ಹೆಸರು, ಹುಟ್ಟಿದ ದಿನ ಕೇಳುತ್ತಾರೆ. ನಮ್ಮ ಹಿರಿಯರಿಗೆ ಇದು ರೇಗುತ್ತದೆ. "ಬೆಳಿಗ್ಗೆ ತಾನೇ ಹೇಳಿದೆನಲ್ಲಮ್ಮ!" ಅವರೇನೂ ಮರೆತಿಲ್ಲ, ಪಕ್ಕದ ಹಾಸಿಗೆಯವರ ಇಂಜೆಕ್ಷನ್ ನಿಮಗೆ ಚುಚ್ಚಬಾರದೆಂದು ಕೇಳುವುದು. ಇಲ್ಲೊಂದು ತೊಡಕಿದೆ. ಅಪ್ಪ ಹುಟ್ಟಿದ್ದು ಯುಗಾದಿಯ ಆಸುಪಾಸು, ಮೇಷ್ಟ್ರು ಶಾಲೆಯ ದಾಖಲೆಯಲ್ಲಿ ಬರೆದದ್ದು ಜೂನ್ 1. ಆಸ್ಪತ್ರೆಯಲ್ಲಿ ನಿಜವಾದ ತಾರೀಖು ಬೇಡ, ಪಾಸ್‌ಪೋರ್ಟಿನ ತಾರೀಖೇ ಹೇಳಲಿ ಎಂದು ಮೊದಲೇ ಬಾಯಿಪಾಠ ಮಾಡಿಸಿ. ಹೆಸರೂ ಅಷ್ಟೇ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಊರಿನ ಹೆಸರು, ಮತ್ತೊಂದು ಕಡೆ ಅಪ್ಪನ ಹೆಸರು ಅಂತಾದರೆ ಕಂಪ್ಯೂಟರಿನಲ್ಲಿ ಮೂವರು ಬೇರೆ ಬೇರೆ ರೋಗಿಗಳಾಗುತ್ತಾರೆ.

ವಾರ್ಡಿನಲ್ಲಿ ನಾಲ್ಕರಿಂದ ಆರು ಹಾಸಿಗೆಯ ವಿಭಾಗಗಳಿರುತ್ತವೆ, ಬೇ ಅನ್ನುತ್ತಾರೆ, ಹೆಂಗಸರದು ಬೇರೆ, ಗಂಡಸರದು ಬೇರೆ. ನಡುವೆ ಪರದೆ ಮಾತ್ರ, ಮಾತು ಎಲ್ಲರಿಗೂ ಕೇಳುತ್ತದೆ. ಒಬ್ಬರೇ ಇರುವ ಸೈಡ್ ರೂಮನ್ನು ಸೋಂಕಿನಂಥ ಕಾರಣ ನೋಡಿ ಕೊಡುತ್ತಾರೆ, ಅದಕ್ಕೆ ಶಿಫಾರಸು ನಡೆಯುವುದಿಲ್ಲ. ಟವೆಲ್, ಸೋಪು, ಬ್ರಷ್, ಜಾರದ ಚಪ್ಪಲಿ, ಉದ್ದ ವೈರಿನ ಚಾರ್ಜರ್ ಮನೆಯಿಂದ ಒಯ್ಯಿರಿ. ಒಂದು ಪ್ಲಾಸ್ಟಿಕ್ ಮಗ್ಗೂ ಇರಲಿ, ಯಾಕೆಂದು ನಾನು ಹೇಳಬೇಕಿಲ್ಲ. ಬಾತ್‌ರೂಮಿನಲ್ಲಿ ತೂಗುವ ಕೆಂಪು ದಾರದ ಬಗ್ಗೆ ಮಾತ್ರ ಹೇಳುತ್ತೇನೆ. ಅದು ಲೈಟಿನದಲ್ಲ, ತುರ್ತು ಕರೆಯದು. ಲೈಟೆಂದು ಎಳೆದು, ಬಾಗಿಲು ತಳ್ಳಿಕೊಂಡು ಬಂದ ನರ್ಸ್‌ಗಳನ್ನು ಕಂಡು ಬೆಪ್ಪಾದ ಅತ್ತೆ ಮಾವಂದಿರು ನಮ್ಮ ಬಳಗದಲ್ಲೇ ಬೇಕಾದಷ್ಟು ಜನ. ಹಾಗಂತ ಬಿದ್ದಾಗ ಎಳೆಯದೆ ಇರಬೇಡಿ. ಆ ದಾರ ನೆಲದವರೆಗೆ ಇಳಿದಿರುವುದು ಬಿದ್ದವರ ಕೈಗೆ ಸಿಗಲೆಂದೇ.

ಹಾಸಿಗೆಯ ಪಕ್ಕದ ಬೆಲ್ ಒತ್ತಲು ನಾಚಿಕೆ ಬೇಡ. "ಪಾಪ, ಅವರಿಗೆ ಎಷ್ಟೊಂದು ಕೆಲಸ" ಅಂತ ಅಮ್ಮ ರಾತ್ರಿಯೆಲ್ಲ ನೋವು ನುಂಗಿ ಮಲಗುತ್ತಾರೆ. ಬೆಳಿಗ್ಗೆ ಡಾಕ್ಟರ್ ಬಂದು ನೋವು ಹೇಗಿದೆ ಅಂದರೆ "ಪರವಾಗಿಲ್ಲ" ಅನ್ನುತ್ತಾರೆ. ಅವರು ಅದನ್ನೇ ಬರೆದುಕೊಂಡು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಇಲ್ಲಿ ನೋವನ್ನು ಸೊನ್ನೆಯಿಂದ 10ರವರೆಗೆ ಅಂಕ ಕೊಟ್ಟು ಹೇಳಬೇಕು. ಅಮ್ಮನಿಗೆ ಅಂಕ ಹೊಳೆಯದಿದ್ದರೆ ನೀವೇ ಬಿಡಿಸಿ ಕೇಳಿ: ಕೆಮ್ಮಿದರೆ ಬರುತ್ತದಾ, ಮಗ್ಗುಲು ತಿರುಗಿದರೆ ಬರುತ್ತದಾ, ನಿದ್ದೆ ಬಂತಾ? ಸಿಕ್ಕ ಉತ್ತರವನ್ನು ಹಾಗೇ ನರ್ಸ್‌ಗೆ ದಾಟಿಸಿ.

ನಾಡಿ, ಬಿಪಿ, ಜ್ವರ, ಉಸಿರು, ರಕ್ತದ ಆಕ್ಸಿಜನ್, ಎಚ್ಚರ ಇವನ್ನು ನೋಡಿ ಒಂದು ಒಟ್ಟು ಅಂಕ ಹಾಕುತ್ತಾರೆ, ನ್ಯೂಸ್ ಸ್ಕೋರ್ ಅಂತ ಹೆಸರು. ಅಂಕ 5 ಆದರೆ ಡಾಕ್ಟರ್ ಬೇಗ ಬಂದು ನೋಡಬೇಕು, 7 ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತು. "ಈಗ ಸ್ಕೋರ್ ಎಷ್ಟು, ಬೆಳಿಗ್ಗೆ ಎಷ್ಟಿತ್ತು?" ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅಂಕ ಚೆನ್ನಾಗಿಯೇ ಇದೆ, ಆದರೂ ಮಗು ಎಂದಿನಂತಿಲ್ಲ, ಅಪ್ಪ ಮಂಕಾಗಿದ್ದಾರೆ ಅನ್ನಿಸಿದರೂ ಹೇಳಿ. 2021ರಲ್ಲಿ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಹುಡುಗಿ ಆಸ್ಪತ್ರೆಯಲ್ಲಿದ್ದಾಗಲೇ ಸೆಪ್ಸಿಸ್, ಅಂದರೆ ಸೋಂಕು ವಿಕೋಪಕ್ಕೆ ಹೋಗಿ ಅಂಗಾಂಗಗಳು ಕೆಡುವ ಸ್ಥಿತಿ, ಆಗಿ ತೀರಿಕೊಂಡಳು. ತಾಯಿ ತಂದೆ ಹೇಳಿಕೊಂಡ ಆತಂಕಕ್ಕೆ ಬೆಲೆ ಸಿಕ್ಕಿರಲಿಲ್ಲ. ಬೇಗ ಐಸಿಯುಗೆ ಸಾಗಿಸಿದ್ದರೆ ಬಹುಶಃ ಬದುಕುತ್ತಿದ್ದಳು ಎಂದು ವಿಚಾರಣೆಯಲ್ಲಿ ಹೇಳಿದರು. ಆಕೆಯ ಹೆತ್ತವರ ಹೋರಾಟದಿಂದ ಬಂದದ್ದು ಮಾರ್ಥಾಸ್ ರೂಲ್. 2024ರಿಂದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಜಾರಿಗೆ ಬರುತ್ತಿದೆ. ವಾರ್ಡಿನವರು ನಿಮ್ಮ ಮಾತಿಗೆ ಕಿವಿಗೊಡುತ್ತಿಲ್ಲ ಅನ್ನಿಸಿದರೆ, ಹಗಲಿರಲಿ ರಾತ್ರಿಯಿರಲಿ, ಬೇರೆ ತಂಡವೊಂದು ಬಂದು ರೋಗಿಯನ್ನು ನೋಡಬೇಕೆಂದು ಮನೆಯವರೇ ಕೇಳಬಹುದು. ಅದರ ಫೋನ್ ನಂಬರ್ ವಾರ್ಡಿನ ಗೋಡೆಯ ಪೋಸ್ಟರಿನಲ್ಲಿ ಇರುತ್ತದೆ. ಹೋದ ದಿನವೇ ಫೋಟೋ ತೆಗೆದಿಟ್ಟುಕೊಳ್ಳಿ.

ಭಾಷೆ ಬರದ ಹಿರಿಯರಿಗೆ ದುಭಾಷಿಯನ್ನು ಆಸ್ಪತ್ರೆಯೇ ಉಚಿತವಾಗಿ ಒದಗಿಸುತ್ತದೆ, ಎಷ್ಟೋ ಸಲ ಫೋನಿನಲ್ಲಿ. ಕೇಳುವಾಗ "ಕನ್ನಡ" ಎಂದು ಒತ್ತಿ ಹೇಳಿ, ಬರೆಸಿ. ಇಂಡಿಯನ್ ಅಂದುಬಿಟ್ಟರೆ ಹಿಂದಿಯವರು ಸಿಗುತ್ತಾರೆ, ಹಾಸನದ ಅಜ್ಜಿ ಅವರ ಮಾತಿಗೆಲ್ಲ ಹೂಂಗುಟ್ಟುತ್ತಾರೆ. ಆಪರೇಷನ್ ಒಪ್ಪಿಗೆಯಂಥ ಮಾತಿಗೆ ನೀವೇ ಅನುವಾದ ಮಾಡಲು ಹೋಗಬೇಡಿ, ಇಲ್ಲಿ ಶಾಲೆಗೆ ಹೋಗುವ ಮೊಮ್ಮಕ್ಕಳ ಕೈಲಂತೂ ಮಾಡಿಸಲೇಬೇಡಿ.

ಇನ್ನೊಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಕಾಯಿಲೆ ಎಂಥದ್ದೇ ಇರಲಿ, ಡಾಕ್ಟರ್ ಅದನ್ನು ಮೊದಲು ಹೇಳುವುದು ರೋಗಿಗೆ. "ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ, ನಮ್ಮ ಹತ್ತಿರ ಹೇಳಿ" ಎಂದು ಕಾರಿಡಾರಿನಲ್ಲಿ ಅಡ್ಡಹಾಕಿದರೆ ಒಪ್ಪುವುದಿಲ್ಲ. ಅಪ್ಪನೇ "ನನಗೆ ಬೇಡ, ಮಗನಿಗೆ ಹೇಳಿ" ಅಂದರೆ ಮಾತ್ರ ಸರಿ. ನನಗೆ ಇದು ಒರಟು ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಫೋನಿನಲ್ಲೂ ಸಿಕ್ಕಸಿಕ್ಕವರಿಗೆ ವಿವರ ಕೊಡುವುದಿಲ್ಲ. ಮನೆಯ ಒಬ್ಬರ ಹೆಸರು, ನಂಬರ್ ಬರೆಸಿ, ಬೆಂಗಳೂರಿನ ಚಿಕ್ಕಪ್ಪ, ದೊಡ್ಡಮ್ಮಂದಿರಿಗೆಲ್ಲ ಅವರೇ ಸುದ್ದಿ ಕೊಡಲಿ.

ಊಟ, ದೇವರು, ನೋಡಲು ಬರುವವರು

ಸಸ್ಯಾಹಾರ ಎಲ್ಲ ಆಸ್ಪತ್ರೆಯಲ್ಲೂ ಸಿಗುತ್ತದೆ. ಆದರೆ ಇಲ್ಲಿಯ ವೆಜಿಟೇರಿಯನ್‌ನಲ್ಲಿ ಮೊಟ್ಟೆ ಸೇರಿರುತ್ತದೆ. ಮೊಟ್ಟೆ ತಿನ್ನದವರು ಅದನ್ನು ಬೇರೆಯಾಗಿ ಹೇಳಬೇಕು. ಈರುಳ್ಳಿ, ಬೆಳ್ಳುಳ್ಳಿ ಬೇಡ ಅಂದರೆ ಕಷ್ಟ, ಬ್ರೆಡ್ಡು ಹಣ್ಣಿನಲ್ಲೇ ದಿನ ದೂಡಬೇಕಾದೀತು. ಮನೆಯಿಂದ ತರಬಹುದಾ ಎಂದು ನರ್ಸನ್ನು ಕೇಳಿ. ತಂದದ್ದನ್ನು ವಾರ್ಡಿನಲ್ಲಿ ಬಿಸಿ ಮಾಡಿಕೊಡುವುದು ಅಪರೂಪ, ಹಾಗಾಗಿ ಮೊಸರನ್ನದಷ್ಟು ಅನುಕೂಲದ ಊಟ ಇನ್ನೊಂದಿಲ್ಲ. ಹಾಸಿಗೆಯ ತಲೆದೆಸೆಯಲ್ಲಿ ನಿಲ್ ಬೈ ಮೌತ್ ಎಂಬ ಬೋರ್ಡ್ ಇದ್ದರೆ ಬಾಯಿಗೆ ಏನೂ ಹಾಕುವಂತಿಲ್ಲ. "ಒಂದೇ ತುತ್ತು" ಅಂತ ತಿನ್ನಿಸಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ.

ಮಾಂಸ ಮುಟ್ಟದ ಮನೆಗಳಿಗೆ ಇನ್ನೊಂದು ಮಾತು. ರಕ್ತ ಹೆಪ್ಪುಗಟ್ಟದಿರಲೆಂದು ಹೊಟ್ಟೆಗೆ ಕೊಡುವ ಎನಾಕ್ಸಾಪರಿನ್ ಇಂಜೆಕ್ಷನ್ ಹಂದಿಯಿಂದ ತಯಾರಾದದ್ದು, ಹಲವು ಕ್ಯಾಪ್ಸೂಲ್‌ಗಳ ಹೊದಿಕೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್. ಬೇಡವೆಂದರೆ ಫಾರ್ಮಸಿಸ್ಟ್ ಬದಲಿ ಇದೆಯೇ ನೋಡುತ್ತಾರೆ. ಔಷಧಿ ತಾನೇ, ನಡೆಯುತ್ತದೆ ಅಂದುಕೊಳ್ಳುವವರೂ ಬಹಳ ಜನ, ಅವರವರ ಇಷ್ಟ. ಆದರೆ ಯಾರಿಗೂ ಹೇಳದೆ ಇಂಜೆಕ್ಷನ್ ತಪ್ಪಿಸಿಕೊಳ್ಳುವುದು ಮಾತ್ರ ಬೇಡ.

ತಾಳಿ, ಬಳೆ, ಮೂಗುತಿ ತೆಗೆಯಲು ಮನಸ್ಸಿಲ್ಲದಿದ್ದರೆ ಆಪರೇಷನ್ನಿಗೆ ಮೊದಲೇ ಹೇಳಿ. ಕೆಲವನ್ನು ಟೇಪು ಸುತ್ತಿ ಉಳಿಸುತ್ತಾರೆ, ಕೆಲವನ್ನು ತೆಗೆಯಲೇಬೇಕಾಗುತ್ತದೆ. ದೀಪ, ಊದುಬತ್ತಿ ಖಂಡಿತ ಇಲ್ಲ, ವಾರ್ಡಿನಲ್ಲಿ ಆಕ್ಸಿಜನ್ ಇರುತ್ತದೆ. ಎಲ್ಲ ಧರ್ಮದವರಿಗೂ ಒಂದು ಪ್ರಾರ್ಥನಾ ಕೋಣೆ ಇರುತ್ತದೆ. ನೋಡಲು ಒಮ್ಮೆಗೆ ಇಬ್ಬರು ಎಂಬ ನಿಯಮ ಸಾಮಾನ್ಯ, ಹೊತ್ತು ವಾರ್ಡಿನಿಂದ ವಾರ್ಡಿಗೆ ಬೇರೆ. ವಾಂತಿ ಭೇದಿ ಆಗಿದ್ದವರು ಅದು ನಿಂತು 48 ಗಂಟೆ ಕಳೆಯುವವರೆಗೆ ಅತ್ತ ಸುಳಿಯಬೇಡಿ. ಮಕ್ಕಳ ವಾರ್ಡಿನಲ್ಲಿ ಮಾತ್ರ ತಾಯಿಯೋ ತಂದೆಯೋ ರಾತ್ರಿ ಉಳಿಯಬಹುದು, ಹಾಗೆ ಉಳಿದವರಿಗೆ ಪಾರ್ಕಿಂಗ್ ಕೂಡ ಉಚಿತ. ಬೇರೆಯವರಿಗೆ ಪಾರ್ಕಿಂಗೇ ದುಬಾರಿ, ಬಸ್ಸಿದ್ದರೆ ಬಸ್ಸು ಹತ್ತಿ.

ದೂರು ಇದ್ದರೆ ಮೊದಲು ವಾರ್ಡಿನ ಮುಖ್ಯ ನರ್ಸ್ ಹತ್ತಿರ ಮಾತಾಡಿ. ಬಗೆಹರಿಯದಿದ್ದರೆ ಪಾಲ್ಸ್ ಎಂಬ ಕಚೇರಿಗೆ ಹೋಗಿ. ರೋಗಿಗಳ ಅಹವಾಲು ಕೇಳಲೆಂದೇ ಇರುವ ಜಾಗ ಅದು. ದೂರು ಕೊಟ್ಟರೆ ಚಿಕಿತ್ಸೆಯಲ್ಲಿ ಸೇಡು ತೀರಿಸಿಕೊಳ್ಳುತ್ತಾರೆ ಎಂಬ ಭಯ ಬೇಡ.

ಮನೆಗೆ ಹೋಗಬಹುದು ಎಂದು ಬೆಳಿಗ್ಗೆ ಹೇಳಿದರೂ ಹೊರಡುವಾಗ ಸಂಜೆಯಾಗುತ್ತದೆ, ಔಷಧಿಯ ಚೀಲ ಫಾರ್ಮಸಿಯಿಂದ ಬರಬೇಕಲ್ಲ. ಹಾಸಿಗೆ ಬಿಡಿಸಿ ಡಿಸ್ಚಾರ್ಜ್ ಲೌಂಜಿನಲ್ಲಿ ಕೂರಿಸಿದರೆ ಗಾಬರಿಯಾಗಬೇಡಿ. ಮನೆಯಲ್ಲಿ ಮೆಟ್ಟಿಲಿದೆಯಾ, ಸ್ನಾನಕ್ಕೆ ಯಾರು ನೆರವಾಗುತ್ತಾರೆ ಎಂದು ಕೇಳಿದಾಗ ಗತ್ತಿಗೆ "ಎಲ್ಲ ನಾವೇ ನೋಡಿಕೊಳ್ಳುತ್ತೇವೆ" ಎನ್ನಬೇಡಿ. ಹಾಗಂದರೆ ಊರುಗೋಲು, ಕಮೋಡ್ ಕುರ್ಚಿ, ಕೆಲವು ದಿನದ ಮನೆ ಆರೈಕೆ ಯಾವುದೂ ಸಿಗುವುದಿಲ್ಲ. ಕೆಲಸಕ್ಕೆ ಏಳು ದಿನದವರೆಗಿನ ರಜೆಗೆ ನೀವೇ ಬರೆದುಕೊಟ್ಟರೆ ಸಾಕು. ಅದಕ್ಕಿಂತ ಹೆಚ್ಚಿಗೆ ಫಿಟ್ ನೋಟ್ ಎಂಬ ವೈದ್ಯರ ಪತ್ರ ಬೇಕು, ವಾರ್ಡಿನಲ್ಲೇ ಕೇಳಿ ಬರೆಸಿಕೊಳ್ಳಿ, ಆಮೇಲೆ ಜಿಪಿ, ಅಂದರೆ ನಿಮ್ಮ ಏರಿಯಾದ ಡಾಕ್ಟರ್ ಹತ್ತಿರ ಅಲೆಯುವುದು ತಪ್ಪುತ್ತದೆ. ಡಿಸ್ಚಾರ್ಜ್ ಪತ್ರದ ಒಂದು ಪ್ರತಿ ನಿಮಗೆ, ಒಂದು ಜಿಪಿಗೆ. ಮುಂದಿನ ಸ್ಕ್ಯಾನು, ಹೊಲಿಗೆ ಬಿಚ್ಚುವುದು ಯಾರ ಜವಾಬ್ದಾರಿ ಎಂದು ಅದರಲ್ಲಿ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಕುರ್ಚಿ ಬಿಟ್ಟು ಏಳುವ ಮುಂಚೆಯೇ ಕೇಳಿ ಬರೆಸಿ.